ದಾವಣಗೆರೆಯಿಂದ ದಾವಾವ್‌ಗೆ ಓದಲು ಹೊರಟವರಿಗೆ: ಮಿಲಿಟರಿಗೆ ಹೆದರಬೇಡಿ, ಪಾಸ್‌ಪೋರ್ಟ್ ಬಿಟ್ಟುಕೊಡಬೇಡಿ

ಫೀಸು, ಹಾಸ್ಟೆಲ್ ಊಟ, ರಾಷ್ಟ್ರೀಯ ವೈದ್ಯಕೀಯ ಆಯೋಗದ (ಎನ್‌ಎಂಸಿ) 54 ತಿಂಗಳ ಓದಿನ ನಿಯಮ, ವಾಪಸ್ ಬಂದ ಮೇಲಿನ ಪರೀಕ್ಷೆ ಇವನ್ನೆಲ್ಲ ನಮ್ಮೂರಿನ ಕನ್ಸಲ್ಟೆನ್ಸಿಯವರೇ ಬಾಯಿಪಾಠ ಒಪ್ಪಿಸುತ್ತಾರೆ. ನಾನದನ್ನು ಮತ್ತೆ ಬರೆಯುವುದಿಲ್ಲ. ಫಿಲಿಪ್ಪೀನ್ಸ್‌ನ ದಾವಾವ್‌ಗೆ ಮಕ್ಕಳನ್ನು ಮೆಡಿಕಲ್‌ಗೆ ಕಳಿಸುವ ತಂದೆತಾಯಿ ನನ್ನನ್ನು ಕೇಳುವುದೇ ಬೇರೆ. 'ಅಲ್ಲಿ ಮಿಲಿಟರಿ ಆಡಳಿತ ಇತ್ತಂತಲ್ರೀ ಡಾಕ್ಟ್ರೇ, ಮತ್ತೆ ಬಂದರೆ ನಮ್ಮ ಹುಡುಗನ ಗತಿ?' ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೌದು, ಇತ್ತು. 2017ರ ಮೇ 23ರಂದು ಮರಾವಿ ಪಟ್ಟಣದಲ್ಲಿ ಐಸಿಸ್ ಬೆಂಬಲಿಗರು ಬಂದೂಕು ಹಿಡಿದು ಬೀದಿಗಿಳಿದರು. ಆಗ ಮಾಸ್ಕೋದಲ್ಲಿದ್ದ ಅಧ್ಯಕ್ಷ ದುತೆರ್ತೆ ಅಲ್ಲಿಂದಲೇ ಇಡೀ ಮಿಂಡನಾವ್ ದ್ವೀಪಕ್ಕೆ, ನೀವು ಮಿಲಿಟರಿ ಆಡಳಿತ ಎನ್ನುವ ಮಾರ್ಷಲ್ ಲಾ ಘೋಷಿಸಿದರು. ಮರಾವಿಯ ಕಾಳಗ ಅದೇ ಅಕ್ಟೋಬರ್‌ನಲ್ಲಿ ಮುಗಿಯಿತು. ಮಾರ್ಷಲ್ ಲಾ ಮಾತ್ರ 2019ರ ಡಿಸೆಂಬರ್ 31ರವರೆಗೆ ಮುಂದುವರಿಯಿತು. ದಾವಾವ್ ಕೂಡ ಅದೇ ದ್ವೀಪದಲ್ಲಿದೆ.

ಆ ದಿನಗಳಲ್ಲಿ ದಾವಾವ್‌ನ ಬದುಕು ನಿಂತಿರಲಿಲ್ಲ. ಕಾಲೇಜು ನಡೀತು, ಮಾಲ್ ತೆರೆದಿತ್ತು, ಜೀಪ್ನಿ ಎಂಬ ಬಾಡಿಗೆ ಜನಸಾರಿಗೆ ಗಾಡಿಗಳು ಓಡಿದವು. ಬದಲಾಗಿದ್ದು ದಾರಿ. ದಕ್ಷಿಣದಿಂದ ಊರಿಗೆ ಬರುವ ಬಸ್ಸು ಸಿರಾವಾನ್ ಚೆಕ್‌ಪೋಸ್ಟಿನಲ್ಲಿ ನಿಲ್ಲುತ್ತಿತ್ತು. ಎಲ್ಲರೂ ಇಳಿದು ಬ್ಯಾಗ್ ಹೆಗಲಿಗೇರಿಸಿ, ಐಡಿ ಕಾರ್ಡನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದು, ಸಾಲಾಗಿ ಸೈನಿಕರ ಮುಂದೆ ನಡೆದುಹೋಗಬೇಕು. ಬಸ್ಸು ಖಾಲಿಯಾಗಿ ಮುಂದೆ ಸಾಗಿ ಆ ಕಡೆ ಕಾಯುತ್ತಿತ್ತು. ಯಾರೂ ಗದರುತ್ತಿರಲಿಲ್ಲ, ಕೆಲವರು ಗುಡ್ ಮಾರ್ನಿಂಗ್ ಸರ್ ಅಂತಲೂ ಅನ್ನುತ್ತಿದ್ದರು. ಆದರೆ ಕಾರ್ಡ್ ಇಲ್ಲದವನನ್ನು ಸಾಲಿನಿಂದ ಪಕ್ಕಕ್ಕೆ ನಿಲ್ಲಿಸುತ್ತಿದ್ದರು. ಬಸ್ಸು ಅವನಿಗಾಗಿ ಕಾಯುತ್ತಿರಲಿಲ್ಲ.

ಈಗಲೂ ಆ ಊರಿನ ಹದ್ದಿನಲ್ಲಿ ತಪಾಸಣೆ ಇದೆ. ಮಾರ್ಷಲ್ ಲಾ ಬರುವ ಮೊದಲೂ ಇತ್ತು. 2016ರ ಸೆಪ್ಟೆಂಬರ್‌ನಲ್ಲಿ ರೋಹಾಸ್ ರಸ್ತೆಯ ರಾತ್ರಿ ಸಂತೆಯಲ್ಲಿ ಬಾಂಬ್ ಸಿಡಿದು ಹತ್ತಕ್ಕೂ ಹೆಚ್ಚು ಜನ ಸತ್ತು, ಹತ್ತಾರು ಜನ ಗಾಯಗೊಂಡ ಮೇಲೆ ಬಿಗಿ ಹೆಚ್ಚಾಯಿತು. ಕಡಯಾವಾನ್ ಹಬ್ಬದ ಜನಜಂಗುಳಿಗೆ ಬೆನ್ನಿನ ಬ್ಯಾಗ್ ಹಾಕಿಕೊಂಡು ಹೋದರೆ ಒಳಗೆ ಬಿಡುವುದಿಲ್ಲ.

ಊರಿನ ಶಿಸ್ತನ್ನು ನೋಡಿ ನಮ್ಮವರು ಮರುಳಾಗುತ್ತಾರೆ. ರಾತ್ರಿ ಒಂದರ ನಂತರ ಮದ್ಯ ಮಾರುವಂತಿಲ್ಲ. ಊರೊಳಗೆ ಗಾಡಿ 30 ಕಿಲೋಮೀಟರ್ ದಾಟುವಂತಿಲ್ಲ. ಸಾರ್ವಜನಿಕ ಜಾಗದಲ್ಲಿ ಸಿಗರೇಟು ಹಚ್ಚಿದರೆ ದಂಡ. ಪಟಾಕಿಗೆ 2002ರಿಂದಲೇ ನಿಷೇಧ, ಸುರುಸುರುಬತ್ತಿಯೂ ಪಟಾಕಿಯೇ ಎಂದು ದೀಪಾವಳಿಗೆ ಮೊದಲೇ ಮಕ್ಕಳಿಗೆ ಹೇಳಿ ಕಳಿಸಿ. ಹಾಸ್ಟೆಲ್ ಟೆರೇಸಿನಲ್ಲಿ ಹಚ್ಚಿದ ಹುಡುಗರನ್ನು ಪೊಲೀಸರ ಮುಂದೆ ನಿಂತು ಬಿಡಿಸಿಕೊಂಡು ಬರುವಷ್ಟರಲ್ಲಿ ಹಬ್ಬದ ಹೋಳಿಗೆ ತಣ್ಣಗಾಗಿತ್ತು.

'ಇಂಥ ಗಟ್ಟಿ ಕೈ ನಮ್ಮಲ್ಲೂ ಬೇಕು' ಎಂದು ದಾವಣಗೆರೆಯ ಪಿಜೆ ಬಡಾವಣೆಯ ವರಾಂಡದಲ್ಲಿ ಕೂತು ಹೇಳುವ ಹಿರಿಯರಿಗೆ ನಾನು ಒಪ್ಪುವುದಿಲ್ಲ. ದುತೆರ್ತೆ ಎರಡು ದಶಕಕ್ಕೂ ಹೆಚ್ಚು ಕಾಲ ಆ ಊರಿನ ಮೇಯರ್ ಆಗಿದ್ದವರು. ಅಧ್ಯಕ್ಷರಾದ ಮೇಲೆ ಮಾದಕ ವಸ್ತು ವಿರುದ್ಧದ ಕಾರ್ಯಾಚರಣೆಯಲ್ಲಿ ಸರ್ಕಾರದ ಲೆಕ್ಕದಲ್ಲೇ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಕೋರ್ಟು ಕಾಣದೆ ಸತ್ತವರು ಅವರು. 2025ರ ಮಾರ್ಚ್‌ನಲ್ಲಿ ದುತೆರ್ತೆಯವರನ್ನು ಬಂಧಿಸಿ ಹೇಗ್‌ನ ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟಿಗೆ ಒಯ್ದರು. ಅಲ್ಲಿ ಸೆರೆಯಲ್ಲಿದ್ದಾಗಲೇ ಮೇ ತಿಂಗಳಲ್ಲಿ ದಾವಾವ್ ಜನ ಮತ್ತೆ ಅವರನ್ನು ಮೇಯರ್ ಆಗಿ ಗೆಲ್ಲಿಸಿದರು. ನಿಮ್ಮ ಮಗ ಬಾಡಿಗೆಗಿರುವ ಮನೆಯ ಓನರಮ್ಮ ಅವರನ್ನು ಮನೆಯ ಹಿರಿಯನಂತೆ ನೆನೆಯಬಹುದು, ಎದುರುಮನೆಯವಳು ತಮ್ಮನನ್ನು ಕಳೆದುಕೊಂಡಿರಬಹುದು. ಇಬ್ಬರ ಮುಂದೆಯೂ ಆ ಮಾತು ತೆಗೆಯದಿರುವುದೇ ಲೇಸು.

ಕಾನೂನಿನ ಬಗ್ಗೆ ಒಂದಿಷ್ಟು ತಿಳಿದಿರಬೇಕು. ಅಂದಿನ ಅಧ್ಯಕ್ಷ ಮಾರ್ಕೋಸ್ 1972ರಲ್ಲಿ ಹೇರಿದ ಮಾರ್ಷಲ್ ಲಾ 1981ರವರೆಗೆ ನಡೆಯಿತು. ಮಧ್ಯರಾತ್ರಿಯಿಂದ ಬೆಳಗಿನ ನಾಲ್ಕರವರೆಗೆ ಕರ್ಫ್ಯೂ, ಪತ್ರಿಕೆಗಳಿಗೆ ಬೀಗ, ಸಾವಿರಾರು ಜನ ಜೈಲಿಗೆ. ಅದನ್ನು ಅನುಭವಿಸಿದವರು ಬರೆದದ್ದು 1987ರ ಸಂವಿಧಾನ. ಅದರ ಪ್ರಕಾರ ಮಾರ್ಷಲ್ ಲಾ ಮೊದಲಿಗೆ 60 ದಿನ ಮೀರುವಂತಿಲ್ಲ. ಅಧ್ಯಕ್ಷ 48 ಗಂಟೆಯೊಳಗೆ ಸಂಸತ್ತಿಗೆ ವರದಿ ಕೊಡಬೇಕು. ಯಾವ ನಾಗರಿಕ ಬೇಕಾದರೂ ಸುಪ್ರೀಂ ಕೋರ್ಟಿಗೆ ಹೋಗಬಹುದು, ಕೋರ್ಟು 30 ದಿನದೊಳಗೆ ತೀರ್ಪು ಕೊಡಲೇಬೇಕು. ಸಂವಿಧಾನ ಅಮಾನತಾಗುವುದಿಲ್ಲ, ಸಿವಿಲ್ ಕೋರ್ಟುಗಳು ಮುಚ್ಚುವುದಿಲ್ಲ. ನಮ್ಮ ಸಂವಿಧಾನದ 34ನೇ ವಿಧಿ ಮಾರ್ಷಲ್ ಲಾ ಹೆಸರೆತ್ತುತ್ತದೆ, ಅದೇನೆಂದು ವಿವರಿಸುವುದೇ ಇಲ್ಲ. 1976ರಲ್ಲಿ ನಮ್ಮ ಸುಪ್ರೀಂ ಕೋರ್ಟು ತುರ್ತು ಪರಿಸ್ಥಿತಿಯಲ್ಲಿ ಬಂಧಿತನಿಗೆ ಹೇಬಿಯಸ್ ಕಾರ್ಪಸ್, ಅಂದರೆ ತನ್ನ ಬಂಧನ ಕಾನೂನುಬದ್ಧವೇ ಎಂದು ಕೋರ್ಟಿನಲ್ಲಿ ಕೇಳುವ ಹಕ್ಕೂ ಇಲ್ಲ ಎಂದುಬಿಟ್ಟಿತ್ತು. ಬರಹದ ಮಟ್ಟಿಗೆ ಅವರ ಕಾನೂನೇ ಮೇಲು ಎಂದು ನನ್ನ ಅಭಿಪ್ರಾಯ. ನಡೆದದ್ದು ನೋಡಿದರೆ, 60 ದಿನಕ್ಕೆಂದು ಬಂದದ್ದನ್ನು ಅವರ ಸಂಸತ್ತು ಮೂರು ಸಲ ವಿಸ್ತರಿಸಿತು, ಕೋರ್ಟೂ ಎತ್ತಿಹಿಡಿಯಿತು.

ಮಾರ್ಷಲ್ ಲಾ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಗುವ ಆ ಹಕ್ಕು ನಾಗರಿಕರಿಗೆ. ವೀಸಾದಲ್ಲಿರುವವನು ಅತಿಥಿ, ಅವನನ್ನು ಕೋರ್ಟಿಗೆ ಎಳೆಯಬೇಕಿಲ್ಲ, ವೀಸಾ ರದ್ದು ಮಾಡಿದರೆ ಆಯಿತು. 27 ವರ್ಷ ಅಲ್ಲೇ ಬಾಳಿದ ಆಸ್ಟ್ರೇಲಿಯಾದ ಕ್ರೈಸ್ತ ಸನ್ಯಾಸಿನಿ ಪೆಟ್ರೀಷಿಯಾ ಫಾಕ್ಸ್ ರಾಜಕೀಯ ಚಟುವಟಿಕೆಯಲ್ಲಿ ತೊಡಗಿದ ಆರೋಪದ ಮೇಲೆ 2018ರಲ್ಲಿ ದೇಶ ಬಿಡಬೇಕಾಯಿತು. ಆದ್ದರಿಂದ ಮೆರವಣಿಗೆ ಪರವಾಗಿರಲಿ ವಿರೋಧವಾಗಿರಲಿ, ನಡುವೆ ನಿಂತು ರೀಲ್ಸ್ ಮಾಡುವುದು ಬೇಡವೇ ಬೇಡ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಜಿಲ್ಲೆಯ ಮಕ್ಕಳಿಗೆ ಅಲ್ಲಿ ಕಷ್ಟ ಬಂದದ್ದು ಸೈನಿಕರಿಂದಲ್ಲ, ತಮ್ಮ ಕಾಗದ ಬೇರೆಯವರ ಕೈಲಿ ಇದ್ದದ್ದರಿಂದ. ಪ್ರತಿ ಬ್ಯಾಚಿನಲ್ಲೂ ಇದೇ ಕಥೆ. ಬಂದಿಳಿದ ದಿನವೇ ಏಜೆಂಟ್ 'ವೀಸಾ ಪ್ರೊಸೆಸಿಂಗ್‌ಗೆ' ಎಂದು ಪಾಸ್‌ಪೋರ್ಟ್ ಇಸಕೊಳ್ಳುತ್ತಾನೆ. ಟೂರಿಸ್ಟ್ ವೀಸಾದಲ್ಲಿ ಬಂದವನು ಅದನ್ನು 9(ಎಫ್) ಎಂಬ ವಿದ್ಯಾರ್ಥಿ ವೀಸಾಕ್ಕೆ ಬದಲಿಸಬೇಕು. ಆ ಕೆಲಸಕ್ಕೆ ಪಾಸ್‌ಪೋರ್ಟ್ ಇಮಿಗ್ರೇಷನ್ ಕಚೇರಿಗೆ ಹೋಗುವುದು ಸಹಜ. ಆದರೆ ಅದು ನಿಜವಾಗಿ ಕಚೇರಿಯಲ್ಲಿದೆಯೋ ಏಜೆಂಟನ ಡ್ರಾಯರ್‌ನಲ್ಲಿದೆಯೋ ಹುಡುಗನಿಗೆ ತಿಳಿಯುವುದಿಲ್ಲ.

ಜಗಳೂರು ಕಡೆಯ ಹುಡುಗನೊಬ್ಬನಿಗೆ ಊರಲ್ಲಿ ಅಪ್ಪನಿಗೆ ಬೈಪಾಸ್ ಎಂದು ಫೋನ್ ಬಂತು. ಟಿಕೆಟ್ ತೆಗೆದ, ಪಾಸ್‌ಪೋರ್ಟ್ ಕಾಡಿ ಬೇಡಿ ಪಡೆದ, ವಿಮಾನ ನಿಲ್ದಾಣಕ್ಕೆ ಹೋದ. ಕೌಂಟರಿನಲ್ಲಿ ಪುಟ ತಿರುವಿ ನೋಡಿದರೆ ವಿದ್ಯಾರ್ಥಿ ವೀಸಾದ ಅರ್ಜಿಯೇ ಹೋಗಿಲ್ಲ, ಟೂರಿಸ್ಟ್ ವೀಸಾದ ಅವಧಿ ಎಂದೋ ಮುಗಿದಿದೆ. ಆರು ತಿಂಗಳು ದಾಟಿ ಟೂರಿಸ್ಟ್ ವೀಸಾದಲ್ಲಿದ್ದವರು ದೇಶ ಬಿಡಲು ಇಸಿಸಿ ಎಂಬ ಕ್ಲಿಯರೆನ್ಸ್ ಪತ್ರ ಬೇಕು, ಅದೂ ಇಲ್ಲ. ವಾಪಸ್ ಕಳಿಸಿದರು. ಟಿಕೆಟ್ ದುಡ್ಡು ಮುಳುಗಿತು, ಅವಧಿ ಮೀರಿದ್ದಕ್ಕೆ ದಂಡ ಬಿತ್ತು. ಅವನು ಊರು ಮುಟ್ಟುವಷ್ಟರಲ್ಲಿ ಅಪ್ಪ ಆಪರೇಷನ್ ಮುಗಿಸಿ ಮನೆಗೆ ಬಂದಿದ್ದರು. ಬದುಕಿದ್ದರು ಎಂಬುದೊಂದೇ ಸಮಾಧಾನ.

ಇಸಿಸಿ ವಿಮಾನ ನಿಲ್ದಾಣದಲ್ಲಿ ನಿಂತ ನಿಲುವಿನಲ್ಲಿ ಸಿಗುತ್ತದೆಂದು ನಂಬಬೇಡಿ. ಟೂರಿಸ್ಟ್ ವೀಸಾದವರು ಹೊರಡುವುದಕ್ಕೆ ಕನಿಷ್ಠ 72 ಗಂಟೆ ಮೊದಲೇ ಇಮಿಗ್ರೇಷನ್ ಕಚೇರಿಯಲ್ಲಿ ಮಾಡಿಸಬೇಕು, ಅದು ಒಂದು ತಿಂಗಳು ಮಾತ್ರ ನಡೆಯುತ್ತದೆ. ವಿದ್ಯಾರ್ಥಿ ವೀಸಾ ಮತ್ತು ವಿದೇಶಿಯರಿಗೆ ಕೊಡುವ ಎಸಿಆರ್ ಐ-ಕಾರ್ಡ್ ಎಂಬ ಗುರುತಿನ ಚೀಟಿ ಕೈಗೆ ಬಂದವರ ದಾರಿ ಬೇರೆ, ಸುಲಭ. ಅದಕ್ಕೇ ಆ ಕಾರ್ಡಿನ ಬೆನ್ನು ಬೀಳಿ ಎನ್ನುವುದು. ಕಾರ್ಡ್ ಇರುವವರು ಪ್ರತಿ ವರ್ಷ ಜನವರಿಯಿಂದ ಮೊದಲ 60 ದಿನದೊಳಗೆ ಇಮಿಗ್ರೇಷನ್‌ನಲ್ಲಿ ವಾರ್ಷಿಕ ಹಾಜರಿ ಹಾಕಬೇಕು. ಮೂರು ನೂರು ಪೆಸೊ ಚಿಲ್ಲರೆ ಖರ್ಚು, ಮರೆತವರು ಮೇಲೆ ದಂಡವನ್ನೂ ತೆರುತ್ತಾರೆ. ಆ ಕಾರ್ಡೇ ಚೆಕ್‌ಪೋಸ್ಟಿನಲ್ಲೂ ತೋರಿಸುವ ಕಾರ್ಡ್.

ಪಾಸ್‌ಪೋರ್ಟ್ ಕೊಡಲೇಬೇಕಾದರೆ ಏಜೆಂಟನಿಗಲ್ಲ, ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ವಿಭಾಗಕ್ಕೆ ಕೊಟ್ಟು, ದಿನಾಂಕ, ಸಹಿ ಇರುವ ರಸೀದಿ ತೆಗೆದುಕೊಳ್ಳಲಿ. ಪಾಸ್‌ಪೋರ್ಟಿನ ಎಲ್ಲ ಪುಟದ ಫೋಟೊ ಮೊದಲೇ ತೆಗೆದು ಮನೆಗೆ ಕಳಿಸಲಿ. ಅಪ್ಪ ಅಮ್ಮಂದಿರೇ, ಈ ಭಾನುವಾರದ ವಿಡಿಯೋ ಕಾಲಿನಲ್ಲಿ ಊಟ ಆಯ್ತಾ ಎಂದು ಕೇಳಿದ ಮೇಲೆ ವೀಸಾ ಪುಟ ತೋರಿಸು ಎನ್ನಿ. ಮುಗಿಯುವ ದಿನಾಂಕವನ್ನು ನೀವೇ ಓದಿ ಅಡುಗೆಮನೆ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ. 'ಏಜೆಂಟ್ ಹತ್ರ ಇದೆ' ಎಂದು ಹುಡುಗ ಹೇಳಿದರೆ ಸೋಮವಾರ ಬೆಳಿಗ್ಗೆಯೇ ಕಾಲೇಜಿಗೆ ಇಮೇಲ್ ಹಾಕಿ.