ಜೂಲಿಯೆಟ್‌ಗೆ ಗೊತ್ತಿಲ್ಲದ್ದನ್ನು ಕಿತ್ತು ಹಾಕಿದ ಕಥೆ

ಷೇಕ್ಸ್‌ಪಿಯರ್‌ನ ರೋಮಿಯೋ-ಜೂಲಿಯೆಟ್ ಕಥೆಯನ್ನು ಜೂಲಿಯೆಟ್ ಬಾಯಲ್ಲೇ ಹೇಳಿಸೋಣ ಅಂತ ಕೂತೆ. ಮೊದಲ ಹತ್ತು ಪುಟ ಸರಾಗವಾಗಿ ಬಂತು. ಗೆಳತಿಯ ಮಗಳಿಗೆ ಓದಿ ಹೇಳಿದೆ. "ಆಂಟಿ, ಇವಳು ನಮ್ಮ ಟೀಚರ್ ತರ ಮಾತಾಡ್ತಾಳೆ" ಅಂದಳು. ನಿಜ. ನಾಟಕದಲ್ಲಿ ಜೂಲಿಯೆಟ್‌ಗೆ ಇನ್ನೂ 14 ತುಂಬಿಲ್ಲ. ನಾನು ಅವಳ ತಲೆಗೆ ನನ್ನ ನಲವತ್ತರ ಬುದ್ಧಿ ತುರುಕಿದ್ದೆ.

ಮತ್ತೆ ನಾಟಕ ತೆರೆದು ಅವಳ ಮಾತುಗಳನ್ನಷ್ಟೇ ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಆಗ ಕಂಡಿತು, ಈ ಹುಡುಗಿ ಗಂಟೆ ಎಣಿಸುತ್ತಾಳೆ. ರೋಮಿಯೋನ ಸುದ್ದಿ ತರೋಕೆ, ಅರ್ಧ ಗಂಟೆಯಲ್ಲಿ ಬರ್ತೀನಿ ಅಂತ ಒಂಬತ್ತಕ್ಕೆ ಹೋದ ದಾದಿ ಹನ್ನೆರಡಾದರೂ ಇಲ್ಲ. ಬಂದ ಮೇಲೂ ತಲೆನೋವು, ಬೆನ್ನುನೋವು ಅಂತ ರಾಗ ಎಳೆಯುತ್ತಾಳೆ, ವಿಷಯ ಮಾತ್ರ ಬಾಯಿ ಬಿಡುವುದಿಲ್ಲ. ಆ ಚಡಪಡಿಕೆಯಲ್ಲಿ ನನಗೆ ದನಿ ಸಿಕ್ಕಿತು. ಉದ್ದುದ್ದ ವಾಕ್ಯಗಳನ್ನೆಲ್ಲ ಹೊಡೆದು ಹಾಕಿದೆ.

ಬಾಲ್ಕನಿಯ ಮಾತುಕತೆ ಎಲ್ಲರಿಗೂ ಗೊತ್ತು, ಒಂದೂವರೆ ಪುಟದಲ್ಲಿ ಮುಗಿಸಿದೆ. ಜಾಸ್ತಿ ಜಾಗ ಹೋಗಿದ್ದು ದಾದಿಗೇ. ಜೂಲಿಯೆಟ್ ಗುಟ್ಟಾಗಿ ರೋಮಿಯೋನನ್ನು ಮದುವೆಯಾಗಿದ್ದಾಳೆ. ತಾನು ಗೊತ್ತುಮಾಡಿದ ವರ ಪ್ಯಾರಿಸ್‌ನನ್ನು ಮದುವೆಯಾಗದಿದ್ದರೆ ಬೀದಿಯಲ್ಲಿ ಬಿದ್ದು ಸಾಯಿ ಅಂತ ಅಪ್ಪ ಕೂಗಾಡಿ ಹೋಗಿದ್ದಾನೆ. ಅಮ್ಮ ಮುಖ ತಿರುಗಿಸಿದ್ದಾಳೆ. ಹಾಲು ಕುಡಿಸಿ ಬೆಳೆಸಿದ ದಾದಿಯೂ ಪ್ಯಾರಿಸ್‌ನನ್ನೇ ಮಾಡ್ಕೋ ಅಂತಾಳೆ. ಜೂಲಿಯೆಟ್ ಅಳುವುದಿಲ್ಲ. ನಿನ್ನ ಮಾತಿಂದ ಸಮಾಧಾನ ಆಯ್ತು ಅಂತ ಹೇಳಿ ಕಳಿಸುತ್ತಾಳೆ. ಅಲ್ಲಿಂದಾಚೆ ಅವಳಿಗೆ ಮನೆಯಲ್ಲಿ ಯಾರೂ ಇಲ್ಲ. ಈ ಒಂದು ಸುಳ್ಳನ್ನು ಆರು ಸಲ ಬರೆದೆ.

ನಿಜವಾಗಿ ಸಿಕ್ಕಿಬಿದ್ದಿದ್ದು ಆಮೇಲೆ. ಪ್ಯಾರಿಸ್ ಜೊತೆಗಿನ ಮದುವೆ ತಪ್ಪಿಸೋಕೆ ಪಾದ್ರಿ ಕೊಟ್ಟ ಔಷಧಿ ಕುಡಿದರೆ 42 ಗಂಟೆ ಸತ್ತವರ ಹಾಗೆ ಬಿದ್ದಿರುತ್ತಾರೆ. ಆಗಬಾರದ್ದೆಲ್ಲ ಆಗುವುದು ಅಷ್ಟರೊಳಗೇ. ಪಾದ್ರಿಯ ಪತ್ರ ತಲುಪುವುದಿಲ್ಲ, ಗಡೀಪಾರಾದ ರೋಮಿಯೋ ಮ್ಯಾಂಟುವಾ ಊರಲ್ಲಿ ವಿಷ ಕೊಳ್ಳುತ್ತಾನೆ, ಗೋರಿಯ ಹತ್ತಿರ ಪ್ಯಾರಿಸ್ ಸಾಯುತ್ತಾನೆ. ಕಥೆ ಹೇಳುವವಳೇ ನಿದ್ದೆಯಲ್ಲಿದ್ದಾಳಲ್ಲ! ಕನಸಲ್ಲಿ ಕಂಡಳು ಅಂತ ಬರೆದೆ, ಸುಳ್ಳು ಅನ್ನಿಸಿತು. ಸತ್ತ ಮೇಲೆ ಆತ್ಮ ಹೇಳುತ್ತಿದೆ ಅಂತ ಮಾಡಿದೆ. ಆತ್ಮಕ್ಕೆ ಎಲ್ಲ ಗೊತ್ತು, ಹಾಗಾಗಿ ಭಯವೇ ಇಲ್ಲ. ಕೊನೆಗೆ ವಿಷ ಕೊಳ್ಳುವ ಪುಟಗಳನ್ನೇ ತೆಗೆದೆ. ಹೊಟ್ಟೆ ಉರಿಯಿತು, ಅಷ್ಟು ಚೆನ್ನಾಗಿ ಬಂದಿದ್ದವು. ಈಗ ಅಲ್ಲಿ ಖಾಲಿ ಜಾಗ.

ಆಮೇಲೆ ಅವಳು ಕಣ್ಣು ಬಿಟ್ಟು, ನನ್ನ ಗಂಡ ಎಲ್ಲಿ ಅಂತ ಕೇಳುತ್ತಾಳೆ. ಸತ್ತು ಬಿದ್ದಿರುವ ಅವನ ಕೈಯಲ್ಲಿ ವಿಷದ ಬಟ್ಟಲು. ಮುತ್ತಿಟ್ಟರೆ ತುಟಿ ಇನ್ನೂ ಬೆಚ್ಚಗಿದೆ. ಎಷ್ಟು ತಡವಾಯಿತು ಅಂತ ಈ ಹುಡುಗಿಗೆ ಯಾರೂ ಹೇಳಬೇಕಾಗಿಲ್ಲ.

ಹೊರಗೆ ಕಾವಲುಗಾರರ ಸದ್ದು. ರೋಮಿಯೋನ ಕಠಾರಿ ಕೈಗೆ ತಗೊಳ್ಳುತ್ತಾಳೆ. ನಾನು ಬರೆದದ್ದು ಅಲ್ಲಿಗೇ ನಿಲ್ಲುತ್ತದೆ. ದೊರೆ ಬಂದು ಬುದ್ಧಿ ಹೇಳಿದ್ದು, ಹಗೆ ಸಾಧಿಸುತ್ತಿದ್ದ ಎರಡು ಮನೆಯವರು ಕೈ ಕುಲುಕಿದ್ದು, ಯಾವುದೂ ಅವಳಿಗೆ ಕೇಳಿಸಿಲ್ಲ.