ಈಮ್ಯಾಕ್ಸ್: ಅಳವಡಿಸಿಕೊಳ್ಳುವುದು ಹೇಗೆ, ನೆರವನ್ನು ಅದರಿಂದಲೇ ಪಡೆಯುವುದು ಹೇಗೆ

ಗ್ನೂ ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕ ತಂತ್ರಾಂಶವನ್ನು ಅದರ ಕೈಪಿಡಿ ಎರಡು ಮುಖ್ಯ ಮಾತುಗಳಲ್ಲಿ ಪರಿಚಯಿಸುತ್ತದೆ: ಅದು ಬಳಸುವವರು ತಮಗೆ ಬೇಕಾದಂತೆ ವಿಸ್ತರಿಸಿಕೊಳ್ಳಬಹುದಾದದ್ದು, ಮತ್ತು ತನ್ನ ವಿವರವನ್ನು ತಾನೇ ಹೇಳುವಂಥದ್ದು. ಮೊದಲನೆಯ ಗುಣದ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಹೊಸದಾಗಿ ಬಳಸುವವರ ಕೈ ಹಿಡಿಯುವುದು ಮಾತ್ರ ಎರಡನೆಯದು. ನಾನು ಕಲಿಯುವಾಗ ಈ ವಿಷಯ ತಿಳಿಯದೆ, ಕೀಲಿಗಳ ಪಟ್ಟಿಯೊಂದನ್ನು ಮುದ್ರಿಸಿ ಪರದೆಯ ಅಂಚಿಗೆ ಅಂಟಿಸಿಕೊಂಡು ತಿಂಗಳುಗಟ್ಟಲೆ ಅದನ್ನೇ ನೋಡುತ್ತಿದ್ದೆ. ಆ ಪಟ್ಟಿಯಲ್ಲಿದ್ದುದೆಲ್ಲವೂ, ಇಲ್ಲದ್ದೂ, ಎಡಿಟರಿನ ಒಳಗೇ ಇತ್ತು.

ಈ ಎಡಿಟರಿನ ಮೂಲರೂಪ 1976ರಲ್ಲಿ ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ, ಟೆಕೊ ಎಂಬ ಹಳೆಯ ಎಡಿಟರಿಗೆ ಬರೆದ ಮ್ಯಾಕ್ರೊಗಳ (ಹಲವು ಆದೇಶಗಳನ್ನು ಒಂದಾಗಿ ಪೋಣಿಸಿದ ತುಣುಕುಗಳ) ಕಟ್ಟಾಗಿ ಹುಟ್ಟಿತು. ರಿಚರ್ಡ್ ಸ್ಟಾಲ್‌ಮನ್ 1984ರಲ್ಲಿ ಅದನ್ನು ಮುಕ್ತ ತಂತ್ರಾಂಶಗಳನ್ನು ರೂಪಿಸುವ ಗ್ನೂ ಯೋಜನೆಗಾಗಿ ಹೊಸದಾಗಿ ಬರೆಯಲು ತೊಡಗಿ, ಮರುವರ್ಷ ಸಾರ್ವಜನಿಕರಿಗೆ ಬಿಡುಗಡೆ ಮಾಡಿದರು. ಒಳತಿರುಳು ಸಿ ಭಾಷೆಯಲ್ಲಿದ್ದು, ಉಳಿದ ಬಹುಭಾಗ ಈಮ್ಯಾಕ್ಸ್ ಲಿಸ್ಪ್ ಎಂಬ ಭಾಷೆಯಲ್ಲಿದೆ. ನಾವು ಬರೆಯುವ ವಿಸ್ತರಣೆಗಳೂ ಅದೇ ಭಾಷೆಯಲ್ಲಿರುವುದರಿಂದ ಎಡಿಟರಿನ ಸ್ವಂತ ಭಾಗಕ್ಕೂ ನಮ್ಮ ಸೇರ್ಪಡೆಗೂ ನಡುವೆ ಗೋಡೆಯಿಲ್ಲ.

ಮುಂದಿನ ವಿವರಣೆಯಲ್ಲಿ ಕೀಲಿಗಳ ಮತ್ತು ಆದೇಶಗಳ ಹೆಸರನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದೆ; ಕಂಪ್ಯೂಟರಿನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

ಅಳವಡಿಕೆ

ಲಿನಕ್ಸ್‌ನಲ್ಲಿ ಉಬುಂಟು ಅಥವಾ ಡೆಬಿಯನ್ ಬಳಸುವವರು ಟರ್ಮಿನಲ್ (ಆದೇಶಗಳನ್ನು ಟೈಪ್ ಮಾಡುವ ಕಿಟಕಿ) ತೆರೆದು 'ಸುಡೊ ಆಪ್ಟ್ ಇನ್‌ಸ್ಟಾಲ್ ಈಮ್ಯಾಕ್ಸ್' ಎಂದು, ಫೆಡೋರಾ ಬಳಸುವವರು ಆಪ್ಟ್ ಬದಲು ಡಿಎನ್‌ಎಫ್ ಎಂದು ಟೈಪ್ ಮಾಡಿದರೆ ಸಾಕು. ಉಬುಂಟುವಿನ ಕೆಲವು ಆವೃತ್ತಿಗಳಲ್ಲಿ ಈ ಆದೇಶದ ಬೆನ್ನಿಗೇ ಪೋಸ್ಟ್‌ಫಿಕ್ಸ್ ಎಂಬ ಅಂಚೆ ತಂತ್ರಾಂಶವೂ ಬಂದು, 'ಮೇಲ್ ಸರ್ವರ್ ಯಾವ ಬಗೆಯದು' ಎಂದು ನೀಲಿ ಪರದೆಯಲ್ಲಿ ಕೇಳುತ್ತದೆ. ಎಡಿಟರ್ ಕೇಳಿದವರಿಗೆ ಅಂಚೆಯ ಪ್ರಶ್ನೆ ಏಕೆ ಎಂದು ಗಾಬರಿಯಾಗುವುದು ಸಹಜ. 'ನೋ ಕಾನ್ಫಿಗರೇಶನ್' ಎಂಬುದನ್ನು ಆರಿಸಿ ಮುಂದುವರಿಯಿರಿ, ಎಡಿಟರಿಗೆ ಅದರಿಂದ ಏನೂ ಕೊರತೆಯಾಗುವುದಿಲ್ಲ.

ಹೀಗೆ ಸಿಗುವ ಆವೃತ್ತಿ ಇತ್ತೀಚಿನದೇ ಆಗಿರಬೇಕೆಂದಿಲ್ಲ. ಉಬುಂಟು 22.04ರಲ್ಲಿ ಈಮ್ಯಾಕ್ಸ್ 27.1, 24.04ರಲ್ಲಿ 29.3, ಡೆಬಿಯನ್ 13ರಲ್ಲಿ 30.1 ಬರುತ್ತದೆ. ಕನ್ನಡ ಬರೆಯುವವರು 27ಕ್ಕಿಂತ ಹಿಂದಿನದಕ್ಕೆ ಹೋಗಬಾರದು. ಕಾರಣವನ್ನು ಮುಂದೆ ಹೇಳುತ್ತೇನೆ. ಅದಕ್ಕಿಂತ ಹೊಸದಾದ ಯಾವುದಾದರೂ ಕಲಿಯಲು ಸಾಕು. ಮೂಲಸಂಕೇತವನ್ನು ತಂದು 'ಕಾನ್ಫಿಗರ್', 'ಮೇಕ್' ಮಾಡಿ ಕಟ್ಟಿಕೊಳ್ಳುವ ದಾರಿಯೂ ಇದೆಯಾದರೂ ಮೊದಲ ದಿನವೇ ಆ ಸಾಹಸ ಬೇಡ.

ವಿಂಡೋಸ್ ಬಳಸುವವರು ಗ್ನೂ ಯೋಜನೆಯ ತಾಣದಿಂದಲೇ ಕಡತವನ್ನು ಇಳಿಸಿಕೊಳ್ಳಬೇಕು. ವಿಂಡೋಸ್ ಎಂಬ ಕೋಶದೊಳಗೆ ಆವೃತ್ತಿಗೊಂದರಂತೆ ಕೋಶಗಳಿದ್ದು, ಪ್ರತಿಯೊಂದರಲ್ಲೂ ಹಲವು ಕಡತಗಳಿರುತ್ತವೆ; ಹೆಸರಿನ ಕೊನೆಯಲ್ಲಿ 'ಇನ್‌ಸ್ಟಾಲರ್' ಎಂದಿರುವುದನ್ನು ಆರಿಸಿ. 'ನೋ-ಡೆಪ್ಸ್' ಎಂದಿರುವ ಕಡತದಲ್ಲಿ ಚಿತ್ರ ತೋರಿಸುವುದೇ ಮೊದಲಾದ ಕೆಲಸಗಳಿಗೆ ಬೇಕಾದ ಪೂರಕ ಲೈಬ್ರರಿಗಳು ಇರುವುದಿಲ್ಲವಾದ್ದರಿಂದ ಅದನ್ನು ಮುಟ್ಟಬೇಡಿ. ಮ್ಯಾಕ್‌ನಲ್ಲಿ, ತಂತ್ರಾಂಶಗಳನ್ನು ಅಳವಡಿಸಿಕೊಡುವ ಹೋಮ್‌ಬ್ರೂ ಎಂಬುದರ ಮೂಲಕ ತರಿಸಿಕೊಳ್ಳಬಹುದು. ಅಲ್ಲಿ ಆಲ್ಟ್ ಕೀಲಿಯ ಕೆಲಸವನ್ನು ಆಪ್ಶನ್ ಕೀಲಿ ಮಾಡುತ್ತದೆ.

ತೆರೆದ ಮೊದಲ ಹತ್ತು ನಿಮಿಷ

ನೆರವಿನ ಪುಟಗಳಲ್ಲಿ ಇಂಗ್ಲಿಷಿನ 'ಸಿ' ಅಕ್ಷರ ಮತ್ತು ಅಡ್ಡಗೆರೆ ಕಂಡರೆ ಕಂಟ್ರೋಲ್ ಕೀಲಿಯನ್ನು ಒತ್ತಿ ಹಿಡಿಯಬೇಕೆಂದೂ, 'ಎಂ' ಮತ್ತು ಅಡ್ಡಗೆರೆ ಕಂಡರೆ ಆಲ್ಟ್ ಕೀಲಿಯನ್ನು ಒತ್ತಿ ಹಿಡಿಯಬೇಕೆಂದೂ ಅರ್ಥ. ಎಂ ಎಂದರೆ ಮೆಟಾ. ಆ ಹೆಸರಿನ ಕೀಲಿ ಹಳೆಯ ಕೀಲಿಮಣೆಗಳಲ್ಲಿತ್ತು, ಈಗ ಹೆಸರು ಮಾತ್ರ ಉಳಿದಿದೆ. ಆಲ್ಟ್ ಒತ್ತಿದಾಗ ಬೇರೆ ಯಾವುದೋ ಮೆನು ತೆರೆದುಕೊಂಡು ತೊಂದರೆಯಾದರೆ, ಎಸ್ಕೇಪ್ ಕೀಲಿಯನ್ನು ಒತ್ತಿ ಬಿಟ್ಟು ಆಮೇಲೆ ಅಕ್ಷರವನ್ನು ಒತ್ತಿದರೂ ಅದೇ ಫಲ.

ಎರಡು ಕೀಲಿಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಕಂಟ್ರೋಲ್-ಜಿ ಒತ್ತಿದರೆ ಅರ್ಧಕ್ಕೆ ನಿಂತ ಯಾವುದೇ ಆದೇಶ ರದ್ದಾಗುತ್ತದೆ. ಪರದೆಯ ಕೆಳಗಿನ ಸಾಲಿನಲ್ಲಿ ಎಡಿಟರ್ ಏನನ್ನೋ ಕೇಳುತ್ತ ಕುಳಿತಿದ್ದು ನಿಮಗೆ ಅರ್ಥವಾಗದಿದ್ದರೆ ಇದನ್ನೇ ಎರಡು ಮೂರು ಸಲ ಒತ್ತಿ. ಕಂಟ್ರೋಲ್-ಎಕ್ಸ್ ಆದಮೇಲೆ ಕಂಟ್ರೋಲ್-ಸಿ ಒತ್ತಿದರೆ ಎಡಿಟರ್ ಮುಚ್ಚುತ್ತದೆ. ಉಳಿದ ಯಾವುದನ್ನೂ ನೆನಪಿಟ್ಟುಕೊಳ್ಳಬೇಕಿಲ್ಲ, ಕೇಳಿದರೆ ಸಿಗುತ್ತದೆ.

ಕೇಳುವ ಕೀಲಿ ಕಂಟ್ರೋಲ್-ಎಚ್. ಅದರ ನಂತರ ಟಿ ಒತ್ತಿದರೆ ಪಾಠವೊಂದು ತೆರೆದುಕೊಳ್ಳುತ್ತದೆ. ಇದು ಓದುವ ಪುಟವಲ್ಲ, ಮಾಡಿ ಕಲಿಯುವ ಕಡತ. 'ಈಗ ಕರ್ಸರನ್ನು ಕೆಳಗಿನ ಸಾಲಿಗೆ ಒಯ್ಯಿರಿ' ಎಂಬಂಥ ಸೂಚನೆಗಳಿದ್ದು, ಆ ಸಾಲುಗಳನ್ನೇ ಅಳಿಸಿ ತಿದ್ದಿ ಅಭ್ಯಾಸ ಮಾಡಬಹುದು, ಮೂಲ ಕಡತ ಕೆಡುವುದಿಲ್ಲ. ಹಲವು ಭಾಷೆಗಳಿಗೆ ಈ ಪಾಠ ಅನುವಾದವಾಗಿದೆ, ಕನ್ನಡಕ್ಕೆ ಇನ್ನೂ ಆಗಿಲ್ಲ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಮುಗಿಯುವ ಇದನ್ನು ಬಿಟ್ಟು ನೇರವಾಗಿ ವಿಡಿಯೊಗಳ ಮೊರೆ ಹೋಗುವವರು ಸಮಯ ಉಳಿಸುತ್ತೇವೆಂದುಕೊಂಡು ಕಳೆಯುತ್ತಾರೆ ಎಂಬುದು ನನ್ನ ಅಭಿಪ್ರಾಯ.

ಟರ್ಮಿನಲ್ಲಿನೊಳಗೆ ಈಮ್ಯಾಕ್ಸ್ ತೆರೆದವರಿಗೆ ಒಮ್ಮೊಮ್ಮೆ ಬ್ಯಾಕ್‌ಸ್ಪೇಸ್ ಒತ್ತಿದಾಗಲೂ ನೆರವಿನ ಕಿಟಕಿಯೇ ತೆರೆದುಕೊಳ್ಳುತ್ತದೆ. ಕೆಲವು ಟರ್ಮಿನಲ್ಲುಗಳು ಬ್ಯಾಕ್‌ಸ್ಪೇಸಿಗೂ ಕಂಟ್ರೋಲ್-ಎಚ್‌ಗೂ ಒಂದೇ ಸಂಕೇತ ಕಳಿಸುವುದೇ ಇದಕ್ಕೆ ಕಾರಣ. ನೆರವಿಗೆ ಎಫ್1 ಕೀಲಿಯನ್ನೂ ಒತ್ತಬಹುದೆಂದು ತಿಳಿದಿರಲಿ.

ಕೇಳುವ ಬಗೆಗಳು

ಕೀಲಿ ಗೊತ್ತು, ಅದು ಏನು ಮಾಡುತ್ತದೆಂದು ಗೊತ್ತಿಲ್ಲ ಎನ್ನುವಾಗ ಕಂಟ್ರೋಲ್-ಎಚ್ ನಂತರ ಕೆ ಒತ್ತಿ, ಆಮೇಲೆ ಆ ಕೀಲಿಯನ್ನು ಒತ್ತಿ. ಉದಾಹರಣೆಗೆ ಕಂಟ್ರೋಲ್-ಎಕ್ಸ್, ಕಂಟ್ರೋಲ್-ಎಸ್ ಬಗ್ಗೆ ಕೇಳಿದರೆ, ಅದು 'ಸೇವ್-ಬಫರ್' ಎಂಬ ಆದೇಶವನ್ನು ನಡೆಸುತ್ತದೆ, ಆ ಆದೇಶ 'ಫೈಲ್ಸ್' ಎಂಬ ಲಿಸ್ಪ್ ಕಡತದಲ್ಲಿದೆ, ಹಳೆಯ ಪ್ರತಿಯನ್ನು ಯಾವಾಗ ಉಳಿಸಿಕೊಳ್ಳುತ್ತದೆ ಎಂಬುದೆಲ್ಲ ಪಕ್ಕದ ಕಿಟಕಿಯಲ್ಲಿ ಕಾಣುತ್ತದೆ. ಕಡತದ ಹೆಸರಿನ ಮೇಲೆ ಕ್ಲಿಕ್ ಮಾಡಿದರೆ ಆ ಆದೇಶವನ್ನು ಬರೆದಿರುವ ಮೂಲ ಸಾಲುಗಳೇ ತೆರೆಯುತ್ತವೆ. ಓದಿ ಮುಗಿದಮೇಲೆ ಆ ಕಿಟಕಿಗೆ ಹೋಗಿ ಕ್ಯೂ ಒತ್ತಿ ಮುಚ್ಚಿ.

ಇದಕ್ಕೆ ತಿರುಗುಮುರುಗಾದ ಸನ್ನಿವೇಶ, ಅಂದರೆ ಮಾಡಬೇಕಾದ ಕೆಲಸ ಗೊತ್ತಿದ್ದು ಆದೇಶದ ಹೆಸರು ಗೊತ್ತಿಲ್ಲದಿರುವುದು, ಹೊಸಬರಿಗೆ ಹೆಚ್ಚಾಗಿ ಎದುರಾಗುತ್ತದೆ. ಆಗ ಕಂಟ್ರೋಲ್-ಎಚ್ ನಂತರ ಎ ಒತ್ತಿ, ಕೆಲಸಕ್ಕೆ ಸಂಬಂಧಿಸಿದ ಒಂದು ಇಂಗ್ಲಿಷ್ ಪದವನ್ನು ಕೊಡಿ. ಸಾಲುಗಳನ್ನು ಅಕಾರಾದಿಯಾಗಿ ಜೋಡಿಸಬೇಕಿದ್ದರೆ 'ಸಾರ್ಟ್' ಎಂದು ಕೊಟ್ಟು ನೋಡಿ. ಆ ಪದವಿರುವ ಆದೇಶಗಳೆಲ್ಲ ಒಂದೊಂದು ಸಾಲಿನ ವಿವರದೊಡನೆ ಬಂದು ನಿಲ್ಲುತ್ತವೆ. ಇಲ್ಲೊಂದು ಕಿವಿಮಾತು: ಈಮ್ಯಾಕ್ಸ್ ಹಳೆಯದಾದ್ದರಿಂದ ಅದರ ಪದಗಳು ಈಗಿನ ರೂಢಿಯವಲ್ಲ. ನಾವು ಕಟ್ ಎನ್ನುವುದು ಅಲ್ಲಿ ಕಿಲ್, ಪೇಸ್ಟ್ ಎನ್ನುವುದು ಯಾಂಕ್, ತೆರೆದ ಕಡತ ಬಫರ್; ನಾವು ವಿಂಡೋ ಎನ್ನುವುದನ್ನು ಅದು ಫ್ರೇಮ್ ಎಂದು ಕರೆದು, ಒಳಗಿನ ಭಾಗಗಳಿಗೆ ವಿಂಡೋ ಎನ್ನುತ್ತದೆ. ಹುಡುಕಾಟ ವಿಫಲವಾದರೆ ಅನೇಕ ಸಲ ದೋಷ ಈ ಪದಗಳದ್ದಾಗಿರುತ್ತದೆ.

ಹೀಗೆಯೇ ಕಂಟ್ರೋಲ್-ಎಚ್ ನಂತರ, ಫಂಕ್ಷನ್ (ಒಂದು ಕೆಲಸ ಮಾಡುವ ಲಿಸ್ಪ್ ತುಣುಕು) ಬಗ್ಗೆ ಕೇಳಲು ಎಫ್, ಚರಾಂಶದ (ವೇರಿಯಬಲ್, ಅಂದರೆ ಬೆಲೆಯೊಂದನ್ನು ಇಟ್ಟುಕೊಂಡಿರುವ ಹೆಸರು) ಬಗ್ಗೆ ಕೇಳಲು ವಿ, ಈಗ ತೆರೆದಿರುವ ಕಡತದ ಬಗೆಗೆ ಯಾವ ಕೀಲಿಗಳು ಅನ್ವಯಿಸುತ್ತವೆ ಎಂದು ಕೇಳಲು ಎಂ. ಅರಿಯದೆ ಯಾವುದೋ ಕೀಲಿ ತಾಗಿ ಪರದೆ ಬದಲಾಯಿತೆಂದಾದರೆ ಕಂಟ್ರೋಲ್-ಎಚ್ ನಂತರ ಎಲ್ ಒತ್ತಿ. ನೀವು ಕೊನೆಗೆ ಒತ್ತಿದ ಕೀಲಿಗಳೂ ಅವು ನಡೆಸಿದ ಆದೇಶಗಳೂ ಸಾಲಾಗಿ ಕಾಣುತ್ತವೆ. ಕಂಟ್ರೋಲ್-ಎಕ್ಸ್ ಒತ್ತಿ ಮುಂದೇನೆಂದು ಮರೆತರೆ ಅಲ್ಲಿಯೇ ಕಂಟ್ರೋಲ್-ಎಚ್ ಒತ್ತಿದರೆ ಅದರಿಂದ ಶುರುವಾಗುವ ಕೀಲಿಗಳ ಪಟ್ಟಿ ಬರುತ್ತದೆ. 30ನೆಯ ಆವೃತ್ತಿಯಲ್ಲಿ 'ವಿಚ್-ಕೀ-ಮೋಡ್' ಎಂಬುದು ಜೊತೆಗೇ ಬಂದಿದ್ದು, ಅದನ್ನು ಚಾಲೂ ಮಾಡಿದರೆ ಕ್ಷಣಕಾಲ ತಡೆದ ಕೂಡಲೇ ಈ ಪಟ್ಟಿ ತಾನಾಗಿ ಮೂಡುತ್ತದೆ.

ಈ ನೆರವು ಎಲ್ಲಿಂದ ಬರುತ್ತದೆ ಎಂದು ಕಣ್ಣಾರೆ ನೋಡಬೇಕಿದ್ದರೆ, ಎಡಿಟರ್ ತೆರೆದಾಗ ಸಿಗುವ 'ಸ್ಕ್ರ್ಯಾಚ್' ಬಫರಿನಲ್ಲಿ ಇಂದಿನ ದಿನಾಂಕವನ್ನು ಬರೆಯುವ ನಾಲ್ಕು ಸಾಲಿನ ಲಿಸ್ಪ್ ಫಂಕ್ಷನ್ ಒಂದನ್ನು ಬರೆಯಿರಿ. ಫಂಕ್ಷನ್ನಿನ ಹೆಸರಿನ ಕೆಳಗೆ, ಜೋಡಿ ಉದ್ಧರಣ ಚಿಹ್ನೆಗಳ ನಡುವೆ, 'ಕರ್ಸರ್ ಇರುವಲ್ಲಿ ಇಂದಿನ ದಿನಾಂಕವನ್ನು ಬರೆಯುತ್ತದೆ' ಎಂದು ಕನ್ನಡದಲ್ಲೇ ಸೇರಿಸಿ. ಕಂಟ್ರೋಲ್ ಮತ್ತು ಆಲ್ಟ್ ಎರಡನ್ನೂ ಹಿಡಿದು ಎಕ್ಸ್ ಒತ್ತಿದರೆ ಫಂಕ್ಷನ್ ಜಾರಿಗೆ ಬರುತ್ತದೆ. ಈಗ ಕಂಟ್ರೋಲ್-ಎಚ್, ಎಫ್ ಒತ್ತಿ ಅದರ ಹೆಸರು ಕೊಟ್ಟರೆ, ಒಂದು ನಿಮಿಷದ ಹಿಂದೆ ನೀವೇ ಬರೆದ ಕನ್ನಡ ವಾಕ್ಯ ಅಧಿಕೃತ ನೆರವಿನ ಕಿಟಕಿಯಲ್ಲಿ ಎದುರಾಗುತ್ತದೆ. ಸೇವ್-ಬಫರ್‌ನ ವಿವರಣೆಯೂ ಹೀಗೆಯೇ, ಅದರ ಸಾಲುಗಳ ಒಳಗಿನಿಂದಲೇ ಬಂದದ್ದು.

ಕೈಪಿಡಿ ಕಾಣೆಯಾಗಿದ್ದರೆ

ಕಂಟ್ರೋಲ್-ಎಚ್ ನಂತರ ಆರ್ ಒತ್ತಿದರೆ ಈಮ್ಯಾಕ್ಸಿನ ಸಂಪೂರ್ಣ ಕೈಪಿಡಿ ತೆರೆಯಬೇಕು; ಅದರೊಳಗೆ ಐ ಒತ್ತಿ ಪದಸೂಚಿಯಲ್ಲಿ ಹುಡುಕಬಹುದು, ಎಲ್ ಒತ್ತಿ ಹಿಂದಿನ ಪುಟಕ್ಕೆ ಮರಳಬಹುದು. ಆದರೆ ಡೆಬಿಯನ್ ಮತ್ತು ಉಬುಂಟುಗಳಲ್ಲಿ ಇದನ್ನು ಒತ್ತಿದವರಿಗೆ ಅಂಥ ಕಡತವೇ ಇಲ್ಲ ಎಂಬ ಸಂದೇಶ ಬರುವುದುಂಟು. ಅಳವಡಿಕೆಯಲ್ಲಿ ತಪ್ಪಾಯಿತೆಂದು ತೆಗೆದು ಮತ್ತೆ ಹಾಕುವುದರಿಂದ ಪ್ರಯೋಜನವಿಲ್ಲ. ಕೈಪಿಡಿಯ ಪರವಾನಗಿಯಂತೆ, ಅದರಲ್ಲಿರುವ ಗ್ನೂ ಪ್ರಣಾಳಿಕೆಯಂಥ ಕೆಲವು ಭಾಗಗಳನ್ನು ಯಾರೂ ಬದಲಿಸುವಂತಿಲ್ಲ. ಬದಲಿಸಲಾಗದ ಭಾಗವಿರುವ ಬರಹ ತನ್ನ ಅರ್ಥದಲ್ಲಿ ಮುಕ್ತವಲ್ಲ ಎಂದು ಡೆಬಿಯನ್ ಸಮುದಾಯ 2006ರಲ್ಲಿ ಮತದಾನದ ಮೂಲಕ ತೀರ್ಮಾನಿಸಿತು. ಹೀಗಾಗಿ, ಮುಕ್ತ ತಂತ್ರಾಂಶ ಚಳವಳಿಯ ಹೆಗ್ಗುರುತಿನಂತಿರುವ ಎಡಿಟರಿನ ಕೈಪಿಡಿಯೇ ಡೆಬಿಯನ್ನಿನ 'ನಾನ್-ಫ್ರೀ' ವಿಭಾಗದಲ್ಲಿ, ಉಬುಂಟುವಿನ 'ಮಲ್ಟಿವರ್ಸ್' ವಿಭಾಗದಲ್ಲಿ ಕುಳಿತಿದೆ. ಆ ವಿಭಾಗವನ್ನು ಸಕ್ರಿಯಗೊಳಿಸಿ 'ಈಮ್ಯಾಕ್ಸ್-ಕಾಮನ್-ನಾನ್-ಡಿಎಫ್‌ಎಸ್‌ಜಿ' ಎಂಬ ಪ್ಯಾಕೇಜನ್ನು ಅಳವಡಿಸಿಕೊಂಡರೆ ಕೈಪಿಡಿ ತೆರೆಯುತ್ತದೆ.

ಕನ್ನಡ ಸರಿಯಾಗಿ ಕಾಣುತ್ತಿದೆಯೇ

ಕಂಟ್ರೋಲ್-ಎಚ್ ನಂತರ ಮತ್ತೊಮ್ಮೆ ಬರಿಯ ಎಚ್ ಒತ್ತಿ. ಜಗತ್ತಿನ ಅನೇಕ ಭಾಷೆಗಳ ವಂದನೆಗಳಿರುವ ಕಡತವೊಂದು ತೆರೆಯುತ್ತದೆ. ಅದರಲ್ಲಿ ಕನ್ನಡದ ಸಾಲಿನಲ್ಲಿ 'ನಮಸ್ಕಾರ' ಎಂದಿದೆ. ಅಲ್ಲಿ ಅಕ್ಷರಗಳ ಬದಲು ಚೌಕಗಳು ಕಂಡರೆ ಕನ್ನಡದ ಫಾಂಟ್ ಇಲ್ಲವೆಂದರ್ಥ. ನೋಟೊ, ಲೋಹಿತ್, ಗುಬ್ಬಿ, ನವಿಲು ಇವುಗಳಲ್ಲಿ ಯಾವುದನ್ನಾದರೂ ಅಳವಡಿಸಿ. ಅಕ್ಷರಗಳಿದ್ದೂ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಂಡರೆ ತೊಂದರೆ ಬೇರೆಯದು. 2020ರಲ್ಲಿ ಬಂದ 27.1ರಿಂದ ಈಮ್ಯಾಕ್ಸ್ ಅಕ್ಷರಗಳನ್ನು ಜೋಡಿಸಲು ಹಾರ್ಫ್‌ಬಜ್ ಎಂಬ ಲೈಬ್ರರಿಯನ್ನು ಬಳಸುತ್ತದೆ. ನಿಮ್ಮಲ್ಲಿ ಅದಿದೆಯೇ ಎಂದು ಎಡಿಟರನ್ನೇ ಕೇಳಬಹುದು: ಕಂಟ್ರೋಲ್-ಎಚ್, ವಿ ಒತ್ತಿ 'ಸಿಸ್ಟಮ್-ಕಾನ್ಫಿಗರೇಶನ್-ಫೀಚರ್ಸ್' ಎಂದು ಕೊಟ್ಟರೆ ಬರುವ ಪಟ್ಟಿಯಲ್ಲಿ ಆ ಹೆಸರಿರಬೇಕು.

ಬರೆಯಲು ಕಂಟ್ರೋಲ್ ಹಿಡಿದು ಹಿಂಬಾಗು ಗೆರೆಯ (ಬ್ಯಾಕ್‌ಸ್ಲ್ಯಾಶ್) ಕೀಲಿ ಒತ್ತಿ, ಕೇಳಿದಾಗ 'ಕನ್ನಡ-ಐಟ್ರಾನ್ಸ್' ಅಥವಾ 'ಕನ್ನಡ-ಇನ್‌ಸ್ಕ್ರಿಪ್ಟ್' ಎಂದು ಕೊಡಿ. ನುಡಿ, ಬರಹಗಳ ವಿನ್ಯಾಸಕ್ಕೆ ಕೈ ಪಳಗಿದವರಿಗೆ ಇವೆರಡೂ ಸ್ವಲ್ಪ ಬೇರೆಯಾಗಿ ತೋರುತ್ತವೆ. ಅವರು ಆಪರೇಟಿಂಗ್ ಸಿಸ್ಟಮ್ಮಿನ ಕನ್ನಡ ಕೀಲಿಮಣೆಯನ್ನೇ ಬಳಸುವುದು ಸುಲಭ. ಯಾವುದೇ ಅಕ್ಷರದ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್-ಯು, ಕಂಟ್ರೋಲ್-ಎಕ್ಸ್, ಬಳಿಕ ಸಮ ಚಿಹ್ನೆ ಒತ್ತಿದರೆ ಅದರ ಜಾತಕವೇ ತೆರೆಯುತ್ತದೆ: 'ಕ' ಅಕ್ಷರವಾದರೆ ಯೂನಿಕೋಡ್ ಸಂಖ್ಯೆ 0ಸಿ95, ಬಳಸಿದ ಫಾಂಟ್ ಯಾವುದು, 'ಕ್ಷ'ದಂಥದ್ದಾದರೆ ಯಾವ ಅಕ್ಷರಗಳೊಡನೆ ಕೂಡಿದೆ ಎಂಬುದು.

ಕೆಟ್ಟಾಗ

ನಿಮ್ಮ ಆಯ್ಕೆಗಳನ್ನು ಬರೆದಿಡುವ ಆರಂಭಿಕ ಕಡತ ಎಲ್ಲಿದೆ ಎಂಬ ಪ್ರಶ್ನೆ, ಅದರಲ್ಲೂ ವಿಂಡೋಸಿನಲ್ಲಿ, ಬಹಳ ಜನರನ್ನು ಕಾಡುತ್ತದೆ. ಅಲ್ಲಿ ಅದು ಸಾಮಾನ್ಯವಾಗಿ ಕಣ್ಣಿಗೆ ಬೀಳದ 'ಆಪ್‌ಡೇಟಾ' ಕೋಶದೊಳಗಿರುತ್ತದೆ. 'ಯೂಸರ್-ಇನಿಟ್-ಫೈಲ್' ಎಂಬ ಚರಾಂಶದ ಬಗ್ಗೆ ಕಂಟ್ರೋಲ್-ಎಚ್, ವಿ ಮೂಲಕ ಕೇಳಿದರೆ ಪೂರ್ತಿ ವಿಳಾಸ ಸಿಗುತ್ತದೆ. ಆ ಕಡತದಲ್ಲಿ ಎಲ್ಲೋ ಕಂಡ ಸಾಲುಗಳನ್ನು ತಂದು ತುಂಬಿದ ಮೇಲೆ ಎಡಿಟರ್ ವಿಚಿತ್ರವಾಗಿ ನಡೆದುಕೊಂಡರೆ, ಟರ್ಮಿನಲ್ಲಿನಲ್ಲಿ ಈಮ್ಯಾಕ್ಸ್ ಎಂದು ಬರೆದು, ಜಾಗ ಬಿಟ್ಟು, ಅಡ್ಡಗೆರೆ ಹಾಕಿ ದೊಡ್ಡಕ್ಷರದ ಕ್ಯೂ ಸೇರಿಸಿ ತೆರೆಯಿರಿ. ಹೀಗೆ ತೆರೆದಾಗ ನಿಮ್ಮ ಯಾವ ಆಯ್ಕೆಯನ್ನೂ ಅದು ಓದುವುದಿಲ್ಲ. ತೊಂದರೆ ಆಗಲೂ ಇದ್ದರೆ ದೋಷ ಎಡಿಟರಿನದೋ ಕಂಪ್ಯೂಟರಿನದೋ ಇರಬೇಕು. ಇಲ್ಲದಿದ್ದರೆ ನಿಮ್ಮ ಕಡತದ ಅರ್ಧ ಸಾಲುಗಳನ್ನು ನಿಷ್ಕ್ರಿಯಗೊಳಿಸಿ ನೋಡುತ್ತ, ಮತ್ತೆ ಅದರಲ್ಲಿ ಅರ್ಧ ಮಾಡುತ್ತ ಹೋದರೆ ತಪ್ಪಿನ ಸಾಲು ಬೇಗ ಸಿಕ್ಕಿಬೀಳುತ್ತದೆ.

ಬಲ್ಲವರನ್ನು ಕೇಳುವ ಮುನ್ನ ಈ ಪರೀಕ್ಷೆ ಮಾಡಿರಬೇಕು. 'ಕೆಲಸ ಮಾಡುತ್ತಿಲ್ಲ' ಎಂದಷ್ಟೇ ಹೇಳಿದರೆ ಯಾರೂ ಏನೂ ಹೇಳಲಾರರು. ಆವೃತ್ತಿ ಯಾವುದು, ಯಾವ ಕೀಲಿಗಳನ್ನು ಯಾವ ಕ್ರಮದಲ್ಲಿ ಒತ್ತಿದಿರಿ, ಏನಾಗಬೇಕಿತ್ತು, ಏನಾಯಿತು ಎಂಬ ನಾಲ್ಕನ್ನೂ ಬರೆಯಿರಿ. ದೋಷ ಎಡಿಟರಿನದೇ ಎಂದು ಖಚಿತವಾದರೆ ಆಲ್ಟ್-ಎಕ್ಸ್ ಒತ್ತಿ 'ರಿಪೋರ್ಟ್-ಈಮ್ಯಾಕ್ಸ್-ಬಗ್' ಎಂಬ ಆದೇಶ ಕೊಡಿ. ಆವೃತ್ತಿ, ಆಪರೇಟಿಂಗ್ ಸಿಸ್ಟಮ್ ಮುಂತಾದ ವಿವರಗಳನ್ನು ಅದೇ ತುಂಬಿರುವ ಪತ್ರವೊಂದು ತೆರೆಯುತ್ತದೆ, ನೀವು ನಡೆದದ್ದನ್ನು ಮಾತ್ರ ಸೇರಿಸಬೇಕು. ಕಳಿಸುವ ಮುನ್ನ ಪತ್ರವನ್ನು ಪೂರ್ತಿ ಓದಿ ನೋಡಿ, ಏಕೆಂದರೆ ಅದು ಎಲ್ಲರೂ ಓದಬಹುದಾದ ಕಡೆ ಹೋಗುತ್ತದೆ. ಎಡಿಟರಿನಿಂದ ಮೇಲ್ ಕಳಿಸುವ ವ್ಯವಸ್ಥೆ ಮಾಡಿಕೊಳ್ಳದವರು ಆ ಪಠ್ಯವನ್ನು ನಕಲಿಸಿ ತಮ್ಮ ಎಂದಿನ ಮೇಲ್‌ನಿಂದ ಕಳಿಸಬಹುದು. ಮರುಪತ್ರದಲ್ಲಿ ಬರುವ ದೋಷಸಂಖ್ಯೆಯನ್ನು ಮುಂದಿನ ಪತ್ರಗಳಲ್ಲೆಲ್ಲ ನಮೂದಿಸಿ.