ಮೊದಲ ಚಳಿಗಾಲಕ್ಕೆ ಮುಂಚೆ: ಲಂಡನ್ ಸುತ್ತಮುತ್ತ ಹೊಸದಾಗಿ ಬಂದ ಕನ್ನಡ ಕುಟುಂಬಗಳಿಗೆ

ಬನ್ನಿ, ಎಲ್ಲರಿಗೂ ನಮಸ್ಕಾರ. ಇಲ್ಲಿ ವೀಸಾ, ಬ್ಯಾಂಕ್ ಖಾತೆ, ಜಿಪಿ ಅಂದರೆ ಹತ್ತಿರದ ವೈದ್ಯರ ನೋಂದಣಿಯ ವಿಷಯ ಇಲ್ಲ. ಕೋಟು ಎಲ್ಲಿ ಕೊಳ್ಳೋದು, ಈ ಚಳಿಯಲ್ಲಿ ಇಡ್ಲಿ ಹಿಟ್ಟು ಹೇಗೆ ಉಬ್ಬಿಸೋದು, ಮಕ್ಕಳ ಕೂದಲನ್ನು ಏನು ಮಾಡೋದು, ಇಂಥ ದಿನನಿತ್ಯದ ಮಾತುಗಳಿವೆ. ನಮ್ಮ ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಹೊಸಬರು ನಮ್ಮನ್ನು ಜಾಸ್ತಿ ಕೇಳುವುದು ಇವನ್ನೇ.

ಮೊದಲು ಒಂದು ಮಾತು. ಬಂದ ತಕ್ಷಣ ಮನೆ ತುಂಬಿಸುವ ಆತುರ ಬೇಡ. ಮೊದಲ ತಿಂಗಳ ಬಾಡಿಗೆ, ಅದರ ಜೊತೆ ಐದು ವಾರದ ಬಾಡಿಗೆಯಷ್ಟು ಡೆಪಾಸಿಟ್, ಆಮೇಲೆ ಸ್ಥಳೀಯ ಆಡಳಿತಕ್ಕೆ ಕಟ್ಟುವ ಕೌನ್ಸಿಲ್ ಟ್ಯಾಕ್ಸ್. ಕೈಯಲ್ಲಿದ್ದ ದುಡ್ಡು ಕರಗಿಹೋಗುತ್ತದೆ. ಆ ಹೊತ್ತಿಗೆ ಹೊಸ ಸೋಫಾ, ಹೊಸ ಕೋಟು, ಹೊಸ ಡಿನ್ನರ್ ಸೆಟ್ ಅಂತ ಹೊರಟರೆ ಕ್ರೆಡಿಟ್ ಕಾರ್ಡಿಗೇ ಕೈ ಹೋಗೋದು. ನಿಧಾನವಾಗಿ, ಹುಡುಕಿ, ಒಂದೊಂದಾಗಿ ಕೊಳ್ಳಿ. ಇದರಲ್ಲಿ ದುಡ್ಡು ಉಳಿಯೋದಷ್ಟೇ ಅಲ್ಲ, ನಿಜವಾದ ಖುಷಿಯೂ ಇದೆ. ಇರುವ ಬೀದಿ, ಅಕ್ಕಪಕ್ಕದ ಜನ ಪರಿಚಯ ಆಗೋದೂ ಹೀಗೆ ಓಡಾಡುವಾಗಲೇ.

ಚಾರಿಟಿ ಅಂಗಡಿಗಳು

ಯಾವ ಹೈ ಸ್ಟ್ರೀಟಿಗೆ, ಅಂದರೆ ಮುಖ್ಯ ಅಂಗಡಿ ಬೀದಿಗೆ ಹೋದರೂ ಮೂರೋ ನಾಲ್ಕೋ ಚಾರಿಟಿ ಅಂಗಡಿ ಸಿಗುತ್ತವೆ. ಆಕ್ಸ್‌ಫ್ಯಾಮ್, ಬ್ರಿಟಿಷ್ ಹಾರ್ಟ್ ಫೌಂಡೇಶನ್, ಬರ್ನಾರ್ಡೋಸ್, ಕ್ಯಾನ್ಸರ್ ರಿಸರ್ಚ್, ಸ್ಯೂ ರೈಡರ್, ಹೀಗೆ. ಜನ ತಮಗೆ ಬೇಡವಾದ ಒಳ್ಳೆಯ ಸಾಮಾನನ್ನು ತಂದು ಕೊಡುತ್ತಾರೆ. ಮಾರಾಟದಿಂದ ಬಂದ ದುಡ್ಡು ಆ ಸಂಸ್ಥೆಯ ಸೇವೆಗೆ ಹೋಗುತ್ತದೆ. ಆಕ್ಸ್‌ಫ್ಯಾಮ್ ತನ್ನ ಮೊದಲ ಕಾಯಂ ಅಂಗಡಿಯನ್ನು ಆಕ್ಸ್‌ಫರ್ಡಿನ ಬ್ರಾಡ್ ಸ್ಟ್ರೀಟಿನಲ್ಲಿ ತೆರೆದದ್ದು 1940ರ ದಶಕದಲ್ಲಿ. ಹಾಗಾಗಿ ಇಲ್ಲಿನವರಿಗೆ ಇದು ತಲೆಮಾರುಗಳ ಅಭ್ಯಾಸ. ಒಳ್ಳೆಯ ಸಂಬಳ ಇರುವವರೂ ಹೋಗುತ್ತಾರೆ, ನಿವೃತ್ತರೂ ಹೋಗುತ್ತಾರೆ, ಕಾಲೇಜು ಹುಡುಗರೂ ಹೋಗುತ್ತಾರೆ. ಯಾರೂ ನಿಮ್ಮನ್ನು ಬೇರೆ ಥರ ನೋಡೋದಿಲ್ಲ.

ನಮ್ಮವರಲ್ಲಿ ಕೆಲವರಿಗೆ ಮುಜುಗರ ಇರುತ್ತದೆ, ಗೊತ್ತು. ಆದರೆ ಊರಲ್ಲಿ ಅಕ್ಕನ ಲಂಗ ತಂಗಿಗೆ ಬರುತ್ತಿತ್ತು, ದೊಡ್ಡಪ್ಪನ ಮಗನ ಸೈಕಲ್ ನಮ್ಮ ಮನೆಗೆ ಬರುತ್ತಿತ್ತು ಅಲ್ವಾ? ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೇ ಪಠ್ಯಪುಸ್ತಕ ಹುಡುಕಿ ಕೊಂಡು ಓದಿದವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ಬಟ್ಟೆಯನ್ನು ಮನೆಗೆ ತಂದು ಒಮ್ಮೆ ಒಗೆದು ಒಣಗಿಸಿದರೆ ಅದು ನಿಮ್ಮದೇ.

ಮೊದಲು ಬೇಕಾಗೋದು ಚಳಿಗಾಲದ ಕೋಟು. ಬೆಂಗಳೂರಿನಿಂದ ತಂದ ಸ್ವೆಟರ್ ನವೆಂಬರ್ ಗಾಳಿಗೆ ಸಾಲದು. ಸೆಪ್ಟೆಂಬರ್ ಕೊನೆಗೇ ಹುಡುಕಲು ಶುರು ಮಾಡಿ. ಚಳಿ ಬಿದ್ದ ಮೇಲೆ ಎಲ್ಲರೂ ಅದನ್ನೇ ಹುಡುಕುತ್ತಾರೆ. ಕೋಟು ಕೈಗೆ ಸಿಕ್ಕ ಕೂಡಲೇ ಬೆಲೆ ನೋಡಬೇಡಿ, ಒಳಗಿನ ಚೀಟಿ ನೋಡಿ. ಉಣ್ಣೆ ಎಷ್ಟು ಪಾಲು ಅಂತ ಅದರಲ್ಲೇ ಬರೆದಿರುತ್ತದೆ. ಅರ್ಧಕ್ಕಿಂತ ಜಾಸ್ತಿ ಇದ್ದರೆ ಒಳ್ಳೆಯದು. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿಯಿರಿ. ಹುಳು ತಿಂದ ಸಣ್ಣ ತೂತಿದ್ದರೆ ಬೆಳಕು ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ಹಾಗಿದ್ದರೆ ಬಿಟ್ಟುಬಿಡಿ, ಆ ಹುಳು ನಿಮ್ಮ ರೇಷ್ಮೆ ಸೀರೆಯನ್ನೂ ಬಿಡೋದಿಲ್ಲ. ಜಿಪ್ ಮೇಲಿಂದ ಕೆಳಗೆ ಎರಡು ಸಲ ಎಳೆದು ನೋಡಿ. ಜೇಬಿನೊಳಗೆ ಕೈ ಹಾಕಿ, ಹರಿದಿದೆಯಾ ನೋಡಿ. ಕಂಕುಳ ಹತ್ತಿರ ಲೈನಿಂಗ್ ಬಿಟ್ಟಿದ್ದರೆ ಚಿಂತೆಯಿಲ್ಲ, ಅರ್ಧ ಗಂಟೆಯಲ್ಲಿ ಹೊಲಿಯಬಹುದು. ಗುಂಡಿ ಹೋಗಿದ್ದರೆ ಒಳಭಾಗದಲ್ಲಿ ಒಂದು ಹೆಚ್ಚುವರಿ ಗುಂಡಿ ಹೊಲಿದಿರುತ್ತಾರೆ, ನೋಡಿ. ಕೊನೆಗೆ ಒಳಗೆ ಒಂದು ಸ್ವೆಟರ್ ಹಾಕಿಕೊಂಡೇ ಕೋಟು ತೊಟ್ಟು ನೋಡಿ, ಕೈ ಮೇಲೆತ್ತಿ. ರಿಚ್ಮಂಡ್, ವಿಂಬಲ್ಡನ್, ಚಿಸಿಕ್‌ನಂಥ ಕಡೆ ಬೆಲೆ ಸ್ವಲ್ಪ ಜಾಸ್ತಿ. ಆದರೆ ಬರುವ ಸಾಮಾನು ಬಹಳ ಚೆನ್ನಾಗಿರುತ್ತದೆ.

ಪಾತ್ರೆಗೆ ಹೋಗುವಾಗ ಜೇಬಿನಲ್ಲಿ ಒಂದು ಫ್ರಿಜ್ ಮ್ಯಾಗ್ನೆಟ್ ಇಟ್ಟುಕೊಳ್ಳಿ. ಇಲ್ಲಿ ಕೆಲವು ಬಾಡಿಗೆ ಮನೆಗಳಲ್ಲಿ ಇಂಡಕ್ಷನ್ ಒಲೆ. ತಳಕ್ಕೆ ಮ್ಯಾಗ್ನೆಟ್ ಅಂಟಿದರೆ ಮಾತ್ರ ಆ ಪಾತ್ರೆ ಕಾಯುತ್ತದೆ. ಊರಿಂದ ತಂದ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ತಣ್ಣಗೇ ಕೂತಿರುತ್ತದೆ. ಚಾರಿಟಿ ಅಂಗಡಿಯ ಮೂಲೆಯಲ್ಲಿ ಹಳೇ ಬೀಡಿನ ಬಾಣಲೆ ಕಂಡರೆ ಬಿಡಬೇಡಿ. ತುಕ್ಕು ಹಿಡಿದಿದ್ದರೂ ಪರವಾಗಿಲ್ಲ. ಉಜ್ಜಿ ತೊಳೆದು, ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ ಕಾಯಿಸಿ. ಹೀಗೆ ನಾಲ್ಕೈದು ಸಲ ಪಳಗಿಸಿದರೆ ದೋಸೆ ಗರಿಗರಿಯಾಗಿ ಎದ್ದು ಬರುತ್ತದೆ. ಬಿರುಕು ಬಿಟ್ಟಿದ್ದು ಮಾತ್ರ ಬೇಡ.

ಮಿಕ್ಸಿಯನ್ನು ಊರಿಂದಲೇ ತನ್ನಿ. ಇಲ್ಲಿಯೂ ನಮ್ಮಲ್ಲಿಯ ಹಾಗೇ 230 ವೋಲ್ಟ್, 50 ಹರ್ಟ್ಸ್. ಪ್ಲಗ್ ಮಾತ್ರ ಬೇರೆ, ಒಳಗೆ ಫ್ಯೂಸ್ ಇರುವ ಮೂರು ಚಪ್ಪಟೆ ಪಿನ್ನಿನದು. ಎಲೆಕ್ಟ್ರಿಷಿಯನ್ ಹತ್ತಿರ ಇಲ್ಲಿಯ ಪ್ಲಗ್ ಹಾಕಿಸಿಬಿಟ್ಟರೆ ನಿಶ್ಚಿಂತೆ.

ಕೆಲವನ್ನು ಹಳೆಯದು ಕೊಳ್ಳಲೇಬೇಡಿ. ಮಕ್ಕಳ ಕಾರ್ ಸೀಟ್ ಅವುಗಳಲ್ಲಿ ಮೊದಲನೆಯದು. ಅದು ಅಪಘಾತದಲ್ಲಿ ಇತ್ತೇ ಅಂತ ನೋಡಿದರೆ ಗೊತ್ತಾಗೋದಿಲ್ಲ. ಮಗುವಿಗೆ 12 ವರ್ಷ ತುಂಬುವವರೆಗೆ ಅಥವಾ 135 ಸೆಂಟಿಮೀಟರ್ ಎತ್ತರ ಆಗುವವರೆಗೆ ಕಾನೂನಿನ ಪ್ರಕಾರ ಸೀಟ್ ಬೇಕು, ಆದ್ದರಿಂದ ಹೊಸದಕ್ಕೆ ದುಡ್ಡು ಹಾಕಿ. ಸೈಕಲ್ ಹೆಲ್ಮೆಟ್ಟಿಗೂ ಇದೇ ಮಾತು. ಹಾಸಿಗೆಯೂ ಹೊಸದೇ ಇರಲಿ. ತಿಗಣೆ ಮನೆಗೆ ಬಂದರೆ ಓಡಿಸುವ ಖರ್ಚು ಹಾಸಿಗೆಗಿಂತ ಜಾಸ್ತಿ. ಸೋಫಾ ಕೊಳ್ಳುವುದಾದರೆ ಮೆತ್ತೆಯ ಕೆಳಗೆ ಬೆಂಕಿ ಸುರಕ್ಷತೆಯ ಚೀಟಿ ಇದೆಯೇ ನೋಡಿ. 1988ರ ನಿಯಮದಿಂದಾಗಿ ಅದಿಲ್ಲದ ಸೋಫಾವನ್ನು ಚಾರಿಟಿ ಅಂಗಡಿಗಳು ತೆಗೆದುಕೊಳ್ಳೋದೇ ಇಲ್ಲ. ಬ್ರಿಟಿಷ್ ಹಾರ್ಟ್ ಫೌಂಡೇಶನ್‌ಗೆ ಪೀಠೋಪಕರಣ ಮತ್ತು ವಿದ್ಯುತ್ ಸಾಮಾನಿಗೇ ಬೇರೆ ದೊಡ್ಡ ಅಂಗಡಿಗಳಿವೆ. ಮನೆಗೆ ತಲುಪಿಸಲು ಬೇರೆ ದುಡ್ಡು ಕೊಡಬೇಕು, ಅದನ್ನೂ ಸೇರಿಸಿ ಲೆಕ್ಕ ಹಾಕಿ.

ಶಾಲೆಯ ಸಮವಸ್ತ್ರಕ್ಕೆ ಅಂಗಡಿಗೆ ಓಡುವ ಮುಂಚೆ ಶಾಲೆಯ ಆಫೀಸಿನಲ್ಲಿ ಕೇಳಿ. ಹಳೇ ಸಮವಸ್ತ್ರ ಪೋಷಕರಿಗೆ ಸಿಗುವಂತೆ ನೋಡಿಕೊಳ್ಳಿ ಅಂತ ಇಂಗ್ಲೆಂಡಿನ ಶಾಲೆಗಳಿಗೆ 2021ರಲ್ಲೇ ಸರ್ಕಾರ ಸೂಚನೆ ಕೊಟ್ಟಿದೆ. ಮಕ್ಕಳು ಒಂದೇ ವರ್ಷದಲ್ಲಿ ಬ್ಲೇಜರ್ ಮೀರಿ ಬೆಳೆದುಬಿಡುತ್ತಾರೆ, ಹಾಗಾಗಿ ಹಳೆಯದೂ ಹೊಸದರ ಹಾಗೇ ಇರುತ್ತದೆ.

ವಸಂತದಿಂದ ಶರತ್ಕಾಲದವರೆಗೆ ಭಾನುವಾರ ಬೆಳಿಗ್ಗೆ ಮೈದಾನಗಳಲ್ಲಿ ಕಾರ್ ಬೂಟ್ ಸೇಲ್ ನಡೆಯುತ್ತದೆ. ಜನ ಕಾರಿನ ಡಿಕ್ಕಿ ತೆರೆದು ಮನೆಯ ಹಳೇ ಸಾಮಾನು ಮಾರುತ್ತಾರೆ. ಚಿಲ್ಲರೆ ಒಯ್ಯಿರಿ, ಬೇಗ ಹೋಗಿ. ಇಲ್ಲಿ ಚೌಕಾಸಿ ಮಾಡಬಹುದು. ಎರಡು ಸಾಮಾನು ಒಟ್ಟಿಗೆ ಎತ್ತಿಕೊಂಡು, ನಗುತ್ತಾ ಕೇಳಿದರೆ ಸಾಕು. ಚಾರಿಟಿ ಅಂಗಡಿಯಲ್ಲಿ ಮಾತ್ರ ಚೌಕಾಸಿ ಬೇಡ, ಅಲ್ಲಿ ಕೂತವರಲ್ಲಿ ಹೆಚ್ಚಿನವರು ಸಂಬಳವಿಲ್ಲದೆ ದುಡಿಯುವವರು. ನಿಮ್ಮ ಮಕ್ಕಳ ಚಿಕ್ಕದಾದ ಬಟ್ಟೆಯನ್ನು ಅದೇ ಅಂಗಡಿಗೆ ವಾಪಸ್ ಕೊಡಿ. ನೀವು ತೆರಿಗೆ ಕಟ್ಟುವವರಾದರೆ ಗಿಫ್ಟ್ ಏಡ್ ಅರ್ಜಿ ತುಂಬಿ. ಆ ಬಟ್ಟೆ ಮಾರಿ ಬಂದ ಪ್ರತಿ ಪೌಂಡಿಗೆ 25 ಪೆನ್ಸ್ ಸರ್ಕಾರದಿಂದ ಆ ಸಂಸ್ಥೆಗೆ ಸೇರುತ್ತದೆ, ನಿಮಗೇನೂ ಖರ್ಚಿಲ್ಲ.

ಅಡುಗೆ ಮನೆ

ದಿನಾ ಹೊರಗೆ ತಿಂದರೆ ದುಡ್ಡೂ ಹೋಗುತ್ತದೆ, ನಾಲಿಗೆಯೂ ಕೆಡುತ್ತದೆ. ಮನೆಯ ಸಾರು ಅನ್ನ ಇದ್ದರೆ ಮಕ್ಕಳಿಗೂ ಊರು ಬಿಟ್ಟ ಬೇಸರ ಸ್ವಲ್ಪ ಕಡಿಮೆಯಾಗುತ್ತದೆ.

ಸಾಮಾನಿಗೆ ಒಂದೇ ಅಂಗಡಿ ಸಾಲದು. ಈಸ್ಟ್ ಹ್ಯಾಮ್ ಮತ್ತು ಟೂಟಿಂಗ್‌ನ ತಮಿಳರ ಅಂಗಡಿಗಳಲ್ಲಿ ಕರಿಬೇವು, ನುಗ್ಗೆಕಾಯಿ, ಬಾಳೆಕಾಯಿ ಸಿಗುತ್ತವೆ. ವೆಂಬ್ಲಿಯ ಈಲಿಂಗ್ ರೋಡಿನಲ್ಲಿ ಗುಜರಾತಿ ಅಂಗಡಿಗಳಿವೆ, ರಾಗಿ ಹಿಟ್ಟಿಗೆ, ಬೇಳೆಗೆ ಅಲ್ಲಿಗೆ ಹೋಗಿ. ಅಲ್ಲಿಯ ಫ್ರೀಜರಿನಲ್ಲಿ 'ಸುರ್ತಿ ಪಾಪಡಿ ಲೀಲ್ವಾ' ಅಂತ ಬರೆದ ಪೊಟ್ಟಣ ಹುಡುಕಿ. ಅದು ನಮ್ಮ ಅವರೆಕಾಳೇ! ರಾತ್ರಿ ನೀರಲ್ಲಿ ಹಾಕಿಟ್ಟು, ಬೆಳಿಗ್ಗೆ ಬೆರಳಲ್ಲಿ ಒತ್ತಿದರೆ ಸಿಪ್ಪೆ ಜಾರಿ ಹಿತಕಿದ ಬೇಳೆ ಕೈಗೆ ಬರುತ್ತದೆ. ಸಂಕ್ರಾಂತಿ ಹೊತ್ತಿಗೆ ಸಾರು ಮಾಡಿ, ಮನೆಯೆಲ್ಲಾ ಘಮ ಅನ್ನುತ್ತದೆ. ಬ್ರಿಕ್ಸ್‌ಟನ್‌ನ ಕೆರಿಬಿಯನ್ ಅಂಗಡಿಗಳಲ್ಲಿ ಸೀಮೆಬದನೆಕಾಯಿ 'ಕ್ರಿಸ್ಟೋಫೀನ್' ಅಥವಾ 'ಚೋ ಚೋ' ಅನ್ನೋ ಹೆಸರಲ್ಲಿ ಕೂತಿರುತ್ತದೆ. ಟರ್ಕಿ, ಇರಾನಿನವರ ಅಂಗಡಿಗಳಲ್ಲಿ ಸಬ್ಬಸಿಗೆ, ಕೊತ್ತಂಬರಿ ದೊಡ್ಡ ಕಟ್ಟೇ ಸಿಗುತ್ತದೆ. ಸೂಪರ್‌ಮಾರ್ಕೆಟ್ಟಿನ ನಾಲ್ಕು ಕಡ್ಡಿಗೆ ಕೊಡುವ ಬೆಲೆಗೆ ಅಲ್ಲಿ ಅಕ್ಕಿ ರೊಟ್ಟಿಗೆ ಬೇಕಾದಷ್ಟು ಸೊಪ್ಪು ಬರುತ್ತದೆ.

ಸೂಪರ್‌ಮಾರ್ಕೆಟ್ಟುಗಳಲ್ಲಿ ಸಂಜೆ ಹೊತ್ತು ಹಳದಿ ಚೀಟಿ ಅಂಟಿಸಿ ಬೆಲೆ ಇಳಿಸುತ್ತಾರೆ. 'ಯೂಸ್ ಬೈ' ಅಂದರೆ ಆ ದಿನ ದಾಟಿದ ಮೇಲೆ ತಿನ್ನಬಾರದು. 'ಬೆಸ್ಟ್ ಬಿಫೋರ್' ಅಂದರೆ ರುಚಿ ಸ್ವಲ್ಪ ಕಡಿಮೆಯಾಗಬಹುದು, ಅಷ್ಟೇ. ಕ್ರಿಸ್‌ಮಸ್ ಹತ್ತಿರ ಬಂದಾಗ ಕ್ಯಾರೆಟ್, ಆಲೂಗಡ್ಡೆ, ಬ್ರಸೆಲ್ಸ್ ಸ್ಪ್ರೌಟ್ಸ್ ತೀರಾ ಅಗ್ಗವಾಗುತ್ತವೆ. ಸ್ಪ್ರೌಟ್ಸ್ ಅಂದರೆ ನಿಂಬೆಗಾತ್ರದ ಕೋಸು. ನಾಲ್ಕು ಹೋಳು ಮಾಡಿ, ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು, ಕಾಯಿತುರಿ ಹಾಕಿ ಪಲ್ಯ ಮಾಡಿ ನೋಡಿ. ನೀರು ಮಾತ್ರ ಹಾಕಬೇಡಿ, ಬೆಂದು ಮೆತ್ತಗಾದರೆ ವಾಸನೆ ಬರುತ್ತದೆ.

ಈಗ ಇಡ್ಲಿ ಹಿಟ್ಟು. ಊರಿನ ಹಾಗೆ ರಾತ್ರಿ ಮುಚ್ಚಿಟ್ಟರೆ ಬೆಳಿಗ್ಗೆಗೆ ಉಬ್ಬೋದಿಲ್ಲ. ಉದ್ದಿನಬೇಳೆ ಜೊತೆ ಒಂದು ಚಮಚ ಮೆಂತ್ಯ ನೆನೆಹಾಕಿ, ರುಬ್ಬುವಾಗ ಉಗುರುಬೆಚ್ಚಗಿನ ನೀರು ಬಳಸಿ. ಹಿಟ್ಟಿನ ಪಾತ್ರೆಯನ್ನು ಓವನ್ನಿನಲ್ಲಿಟ್ಟು ಒಳಗಿನ ದೀಪ ಮಾತ್ರ ಹಾಕಿ, ಬಿಸಿ ಬೇಡ. ಕೆಲವು ಹಳೇ ಮನೆಗಳಲ್ಲಿ ಬಿಸಿನೀರಿನ ಟ್ಯಾಂಕ್ ಇರುವ ಬೀರು ಇರುತ್ತದೆ. ಅದು ಇನ್ನೂ ಒಳ್ಳೆಯ ಜಾಗ. ಸಂಜೆ ರುಬ್ಬಿದರೆ ಮರುದಿನ ಮಧ್ಯಾಹ್ನದವರೆಗೂ ಕಾಯಬೇಕಾಗಬಹುದು. ಶನಿವಾರ ಬೆಳಿಗ್ಗೆ ಇಡ್ಲಿ ಬೇಕಾದರೆ ಗುರುವಾರ ರಾತ್ರಿಯೇ ರುಬ್ಬಿ, ಉಬ್ಬಿದ ಮೇಲೆ ಫ್ರಿಜ್ಜಿಗೆ ಹಾಕಿಡಿ. ಓವನ್ ಬಾಗಿಲಿಗೆ ಒಂದು ಚೀಟಿ ಅಂಟಿಸಿ, ಮನೆಯವರು ಯಾರಾದರೂ ನೋಡದೆ ಓವನ್ ಹಚ್ಚಿಬಿಟ್ಟಾರು.

ಲಂಡನ್ ನೀರು ಗಡಸು. ಬೇಳೆ ಬೇಗ ಬೇಯೋದಿಲ್ಲ, ಅರ್ಧ ಗಂಟೆ ನೆನೆಸಿಡಿ. ಇನ್ನೊಂದು ವಿಷಯ, ಒಗ್ಗರಣೆ ಹೊಗೆಗೆ ಸ್ಮೋಕ್ ಅಲಾರಂ ಕೂಗುತ್ತದೆ. ಅಡುಗೆ ಮನೆಯ ಕಿಟಕಿ ತೆರೆದು, ಫ್ಯಾನ್ ಹಾಕಿ, ಒಳಬಾಗಿಲು ಮುಚ್ಚಿಕೊಂಡು ಒಗ್ಗರಣೆ ಹಾಕಿ. ಅಲಾರಂಗೆ ಬಟ್ಟೆ ಕಟ್ಟೋದು, ಬ್ಯಾಟರಿ ತೆಗೆಯೋದು ಖಂಡಿತ ಬೇಡ. ಜೀವ ಉಳಿಸುವ ಸಾಧನ ಅದು.

ತಲೆಗೂದಲು

ಸಲೂನಿಗೆ ಪ್ರತಿ ತಿಂಗಳು ಮನೆಮಂದಿಯೆಲ್ಲಾ ಹೋದರೆ ದೊಡ್ಡ ಮೊತ್ತವೇ ಆಗುತ್ತದೆ. ಗಂಡಸರಿಗೆ, ಗಂಡು ಮಕ್ಕಳಿಗೆ ಒಂದು ಒಳ್ಳೆಯ ಕ್ಲಿಪ್ಪರ್ ಕೊಂಡುಬಿಡಿ, ಎರಡು ಮೂರು ಕಟಿಂಗಿಗೇ ಅದರ ದುಡ್ಡು ಹುಟ್ಟುತ್ತದೆ. ಅದರ ಬಾಚಣಿಗೆಗಳಿಗೆ ನಂಬರ್ ಇರುತ್ತದೆ. 1 ಅಂದರೆ 3 ಮಿಲಿಮೀಟರ್, 2 ಅಂದರೆ 6, 3 ಅಂದರೆ 10, 4 ಅಂದರೆ 13. ಮೊದಲ ಸಲ 4ರಿಂದಲೇ ಶುರು ಮಾಡಿ, ಪಕ್ಕಗಳಿಗೆ ಬೇಕಾದರೆ ಆಮೇಲೆ 3 ಹಾಕಿ. ಒಣ ಕೂದಲಿಗೆ, ಕೆಳಗಿನಿಂದ ಮೇಲಕ್ಕೆ ಓಡಿಸಿ. ಹೆಂಗಸರಿಗೆ ಒಂದು ಉಪಾಯ: ಹತ್ತಿರದ ಕಾಲೇಜಿನಲ್ಲಿ ಹೇರ್‌ಡ್ರೆಸಿಂಗ್ ಕೋರ್ಸ್ ಇದೆಯೇ ವಿಚಾರಿಸಿ. ಎಷ್ಟೋ ಕಾಲೇಜುಗಳ ಸಲೂನು ಹೊರಗಿನವರಿಗೂ ತೆರೆದಿರುತ್ತದೆ. ವಿದ್ಯಾರ್ಥಿಗಳು ಶಿಕ್ಷಕರ ಕಣ್ಣೆದುರೇ ಕತ್ತರಿಸುತ್ತಾರೆ. ಹೊತ್ತು ಜಾಸ್ತಿ, ಬೆಲೆ ಬಹಳ ಕಡಿಮೆ.

ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗುತ್ತದೆ. ಬಾಟಲಿಯನ್ನು ಬಿಸಿನೀರಿನ ಬಟ್ಟಲಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ಕರಗುತ್ತದೆ. ಭಾನುವಾರ ಬೆಳಿಗ್ಗೆ ಬೆಚ್ಚಗಿನ ಎಣ್ಣೆ ಹಚ್ಚಿ, ಮಕ್ಕಳನ್ನು ಮುಂದೆ ಕೂರಿಸಿಕೊಂಡು ಸಿಕ್ಕು ಬಿಡಿಸುವ ಆ ಅರ್ಧ ಗಂಟೆ ತುಂಬ ಬೆಲೆಬಾಳುವ ಹೊತ್ತು. ಶಾಲೆಯಲ್ಲಿ ಏನಾಯಿತು ಅಂತ ಮಕ್ಕಳು ತಾವಾಗಿಯೇ ಹೇಳೋದು ಆಗಲೇ.

ಹೆಣ್ಣುಮಕ್ಕಳ ಕೂದಲು ಉದ್ದ ಇದ್ದರೆ ಶಾಲೆಗೆ ಜಡೆ ಹಾಕಿಯೇ ಕಳಿಸಿ. ತಲೆಗೆ ತಲೆ ತಾಗಿದರೆ ಹೇನು ಹತ್ತುತ್ತದೆ, ಇಲ್ಲಿಯ ಪ್ರೈಮರಿ ಶಾಲೆಗಳಲ್ಲಿ ಇದು ಸಾಮಾನ್ಯ. ನಾಚಿಕೆ ಬೇಡ, ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಲೂ ಬೇಡ. ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಹೇಳುವ ದಾರಿ ಸುಲಭ: ತಲೆ ತೊಳೆದು, ಕಂಡೀಷನರ್ ಧಾರಾಳವಾಗಿ ಹಚ್ಚಿ, ಹೇನಿನ ಬಾಚಣಿಗೆಯಿಂದ ಬುಡದಿಂದ ತುದಿಯವರೆಗೆ ಬಾಚಬೇಕು. 1, 5, 9, 13ನೇ ದಿನ ಹೀಗೆ ಮಾಡಿ, 17ನೇ ದಿನ ಮನೆಯವರೆಲ್ಲರ ತಲೆ ಮತ್ತೆ ನೋಡಬೇಕು. ಮೊದಲ ಸಲ ಬಾಚಿ ಮುಗಿಯಿತು ಅಂತ ಬಿಟ್ಟರೆ ಉಳಿದ ಸೀರು ಒಡೆದು ಮತ್ತೆ ಶುರು.

ಯುಗಾದಿಗೆ, ರಾಜ್ಯೋತ್ಸವಕ್ಕೆ ಮೊಗ್ಗಿನ ಜಡೆ ಹಾಕಬೇಕು ಅಂತ ಆಸೆ ಎಲ್ಲರಿಗೂ ಇರುತ್ತದೆ. ಮಲ್ಲಿಗೆ ಮೊಗ್ಗು ಇಲ್ಲಿ ಸಿಗೋದು ಕಷ್ಟ, ಸಿಕ್ಕರೂ ದುಬಾರಿ. ಆದರೆ ಸೇವಂತಿಗೆ ವರ್ಷವಿಡೀ ಸೂಪರ್‌ಮಾರ್ಕೆಟ್ಟಿನಲ್ಲಿ ಇರುತ್ತದೆ, ಹಳದಿ ಚೀಟಿಯ ಬೆಲೆಗೂ ಸಿಗುತ್ತದೆ. ಬಟನ್‌ನಷ್ಟು ಸಣ್ಣ ಹೂವಿನದು ಆರಿಸಿ. ತೊಟ್ಟು ಹತ್ತಿರಕ್ಕೆ ಕತ್ತರಿಸಿ, ಜಡೆಯಷ್ಟು ಉದ್ದದ ಅಗಲ ರಿಬ್ಬನ್ನಿಗೆ ಸಾಲಾಗಿ ಹೊಲಿಯಿರಿ. ಹಿಂದಿನ ರಾತ್ರಿ ಹೊಲಿದು ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಮರುದಿನ ಸಂಜೆಯವರೆಗೂ ಬಾಡೋದಿಲ್ಲ. ಕೂದಲು ಗಿಡ್ಡ ಇದ್ದರೆ ಚೌರಿ ಸೇರಿಸಿ. ಚೌರಿ, ಕುಚ್ಚು, ಜಡೆಬಿಲ್ಲೆ ಸಂಘದ ಪೆಟ್ಟಿಗೆಯಲ್ಲಿವೆ, ಯಾರು ಬೇಕಾದರೂ ಪಡೆಯಬಹುದು. ಕಾರ್ಯಕ್ರಮಕ್ಕೆ ಒಂದು ವಾರ ಮುಂಚೆ ಸ್ವಯಂಸೇವಕರಿಗೆ ತಿಳಿಸಿ, ಹೊಲಿಯಲು ಕೈ ಬೇಕಾದರೂ ಹೇಳಿ. ಹಿಂದಿನ ಸಂಜೆ ಯಾರಾದರೊಬ್ಬರ ಮನೆಯಲ್ಲಿ ಸೇರಿ ಹೊಲಿಯುತ್ತೇವೆ. ಸೂಜಿ, ಬಿಳಿ ದಾರ, ಮಗಳ ಜಡೆಯ ಅಳತೆ ಇಷ್ಟು ತಂದರೆ ಸಾಕು.